57 ದಿನದ ಕೆಲಸ, ಮೂರು ವರ್ಷದ ಸಂಬಳ



ಒಬ್ಬ ಮನುಷ್ಯ ಕೆಲಸಕ್ಕೆ ಸೇರ್ತಾನೆ. 57 ದಿನ ಕೆಲಸ ಮಾಡ್ತಾನೆ. ಅವನ ಉಸ್ತುವಾರಿಯಲ್ಲಿ ತಂಡ ಹತ್ತು ಪಂದ್ಯ ಆಡುತ್ತೆ, ಗೆಲ್ಲೋದು ಒಂದೇ ಒಂದು. ಮಾಲೀಕರಿಗೆ ಸಿಟ್ಟು ಬರುತ್ತೆ, ಮನೆಗೆ ಕಳಿಸ್ತಾರೆ. ಇಲ್ಲಿವರೆಗೂ ಸರಿ. ಆದರೆ ಹಾಗೆ ಕಳಿಸಿದ್ದಕ್ಕೆ ಅದೇ ಮಾಲೀಕರು ಅವನಿಗೆ 22 ಲಕ್ಷ 50 ಸಾವಿರ ಪೌಂಡ್ ಕೊಡಬೇಕಾಗಿ ಬರುತ್ತೆ. ಲೆಕ್ಕ ಹಾಕಿ ನೋಡಿ, ಆಡಿದ ಒಂದೊಂದು ಪಂದ್ಯಕ್ಕೂ ಎರಡು ಕಾಲು ಲಕ್ಷ ಪೌಂಡ್! ಗೆದ್ದಿದ್ದಕ್ಕಲ್ಲ ಸ್ವಾಮಿ, ಕೆಲಸದಿಂದ ತೆಗೆದಿದ್ದಕ್ಕೆ.

ಆ ಮನುಷ್ಯನ ಹೆಸರು ಹೆನ್ನಿಂಗ್ ಬರ್ಗ್. ನಾರ್ವೆ ದೇಶದವರು. ಕ್ಲಬ್ಬು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್. ಮಾಲೀಕರು ಯಾರು ಅಂತೀರಾ? ನಮ್ಮ ಪಕ್ಕದ ರಾಜ್ಯದವರೇ. ಪುಣೆಯ ವೆಂಕೀಸ್, ಅದೇ ಕೋಳಿ ವ್ಯಾಪಾರದ ಸಂಸ್ಥೆ. 2010ರ ನವೆಂಬರ್‌ನಲ್ಲಿ ಅವರು ಈ ಕ್ಲಬ್ಬನ್ನು ಕೊಂಡರು. 2012ರ ಅಕ್ಟೋಬರ್ ಕೊನೆಗೆ ಬರ್ಗ್ ಅವರನ್ನು ಮೂರು ವರ್ಷದ ಒಪ್ಪಂದಕ್ಕೆ ತಂದರು. ಡಿಸೆಂಬರ್ 27ಕ್ಕೆ ಕಳಿಸಿಬಿಟ್ಟರು. ಆಮೇಲೆ ಬಂದ ಮೈಕಲ್ ಆಪಲ್ಟನ್ ಕಥೆ ಏನಾಯ್ತು? ಅವರೂ ಉಳಿದಿದ್ದು 67 ದಿನ.

ಫುಟ್‌ಬಾಲ್ ನೋಡೋ ಅಭ್ಯಾಸ ಇಲ್ಲದವರಿಗೆ ಒಂದು ಮಾತು ಹೇಳಿಬಿಡ್ತೀನಿ. ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಮ್ಯಾನೇಜರ್ ಅಂದರೆ ಆಫೀಸಿನ ಮ್ಯಾನೇಜರ್ ಅಲ್ಲ. ತಂಡದ ಮುಖ್ಯ ಕೋಚ್. ಯಾರು ಆಡಬೇಕು, ಹೇಗೆ ಆಡಬೇಕು ಅಂತ ತೀರ್ಮಾನ ಮಾಡೋನು. ತಂಡ ಸೋತರೆ ಹನ್ನೊಂದು ಆಟಗಾರರನ್ನು ಒಟ್ಟಿಗೆ ತೆಗೆಯೋಕಾಗಲ್ಲ. ಹಾಗಾಗಿ ತಲೆ ಉರುಳೋದು ಇವನದ್ದೇ.

ಈಗ ನಿಮ್ಮ ಪ್ರಶ್ನೆ ನನಗೆ ಕೇಳಿಸ್ತಾ ಇದೆ. ಸೋತವನಿಗೆ ದುಡ್ಡು ಯಾಕೆ ಕೊಡಬೇಕು?

ಇದನ್ನು ಅರ್ಥ ಮಾಡ್ಕೊಳ್ಳೋಕೆ ಕಲ್ಯಾಣ ಮಂಟಪದ ಉದಾಹರಣೆ ತಗೊಳ್ಳಿ. ಮೂರು ದಿನಕ್ಕೆ ಮಂಟಪ ಬುಕ್ ಮಾಡಿದ್ದೀರಿ. ಮೊದಲ ದಿನವೇ ಏನೋ ಮನಸ್ತಾಪ, ಬೇಡ ಅಂತ ಎದ್ದು ಬಂದಿರಿ. ಮಂಟಪದವನು ಉಳಿದ ಎರಡು ದಿನದ ಬಾಡಿಗೆ ಕೇಳ್ತಾನೆ. ನ್ಯಾಯವೇ. ಆದರೆ ಅವನು ಸುಮ್ಮನೆ ಕೂರುವ ಹಾಗಿಲ್ಲ, ಬೇರೆ ಗಿರಾಕಿ ಹುಡುಕಬೇಕು. ಸಿಕ್ಕಿದರೆ ಆ ಬಾಡಿಗೆಯನ್ನು ನಿಮ್ಮ ಬಾಕಿಯಲ್ಲಿ ಕಳೆಯಬೇಕು. ಇಂಗ್ಲೆಂಡಿನ ಕಾನೂನೂ ಸ್ಥೂಲವಾಗಿ ಇದನ್ನೇ ಹೇಳುತ್ತದೆ. ಅವಧಿ ನಿಗದಿಯಾದ ಒಪ್ಪಂದವನ್ನು ಕಾರಣವಿಲ್ಲದೆ ಮುರಿದರೆ ಉಳಿದ ಅವಧಿಯ ನಷ್ಟ ತುಂಬಿಕೊಡಬೇಕು. ಆದರೆ ಕೆಲಸ ಕಳೆದುಕೊಂಡವನು ಹೊಸ ಕೆಲಸ ಹುಡುಕುವ ಪ್ರಯತ್ನ ಮಾಡಬೇಕು, ಸಿಕ್ಕಿದ ಸಂಬಳ ಪರಿಹಾರದಲ್ಲಿ ವಜಾ ಆಗುತ್ತದೆ. ಮತ್ತೆ, ಪಂದ್ಯ ಸೋಲುವುದು ಕಾನೂನಿನ ಕಣ್ಣಲ್ಲಿ ದುರ್ನಡತೆ ಅಲ್ಲ. ಇದು ನೆನಪಿರಲಿ.

ಇದು ಸಾಮಾನ್ಯ ನಿಯಮ. ಆದರೆ ಮಂಟಪದ ರಸೀದಿಯಲ್ಲೇ ‘ರದ್ದು ಮಾಡಿದರೆ ಪೂರ್ತಿ ಬಾಡಿಗೆ ಕೊಡತಕ್ಕದ್ದು’ ಅಂತ ಬರೆದಿದ್ದು, ಕೆಳಗೆ ನಿಮ್ಮ ಸಹಿ ಇದ್ದರೆ? ಆಗ ಬೇರೆ ಗಿರಾಕಿ ಸಿಕ್ಕಿದನೋ ಇಲ್ಲವೋ, ಆ ಮಾತೇ ಬರಲ್ಲ.

ಬ್ಲ್ಯಾಕ್‌ಬರ್ನ್‌ನಲ್ಲಿ ಆಗಿದ್ದು ಇದೇ. ಕ್ಲಬ್ಬು ಮಧ್ಯದಲ್ಲಿ ಕೈಬಿಟ್ಟರೆ ಉಳಿದ ಅವಧಿಯ ಮೂಲ ವೇತನ ಪೂರ್ತಿ ಕೊಡಬೇಕು ಅಂತ ಬರ್ಗ್ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ದುಡ್ಡು ಬರಲಿಲ್ಲ. ಬರ್ಗ್ ಹೈಕೋರ್ಟಿಗೆ ಹೋದರು. ಕ್ಲಬ್ಬು ಮೊದಲು ಕೊಡಬೇಕಾದ್ದು ನಿಜ ಅಂತ ಒಪ್ಪಿಕೊಂಡಿತು. ಆಮೇಲೆ ಉಲ್ಟಾ ಹೊಡೀತು. ಇಂಥ ಒಪ್ಪಂದ ಮಾಡೋಕೆ ನಮ್ಮ ಆಡಳಿತ ನಿರ್ದೇಶಕರಿಗೆ ಅಧಿಕಾರವೇ ಇರಲಿಲ್ಲ ಅಂತು. ಬರ್ಗ್ ಬೇರೆ ಕೆಲಸ ಹುಡುಕಬೇಕಿತ್ತು ಅಂತು. 2013ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಇದ್ಯಾವುದನ್ನೂ ಒಪ್ಪಲಿಲ್ಲ. ಒಪ್ಪಂದದಲ್ಲಿ ಬರೆದಿದೆ, ಕೊಡಿ ಅಂದರು. ಮುಗೀತು.

ಹಾಗಾದ್ರೆ ಕ್ಲಬ್ಬುಗಳು ಪಾಠ ಕಲಿಯಲಿಲ್ವಾ? ಕೆಲವರು ಕಲಿತರು. ಮುಖ್ಯವಾಗಿ ಮೂರು ದಾರಿ ಇದೆ.

ಮೊದಲನೆಯದು, ಮಿತಿ ಹಾಕೋದು. ಎಷ್ಟೇ ವರ್ಷ ಬಾಕಿ ಇರಲಿ, ಕಳಿಸಿದರೆ ಇಷ್ಟೇ ಕೊಡ್ತೀವಿ ಅಂತ ಮುಂಚೆಯೇ ಬರೆದುಕೊಳ್ಳೋದು. ನ್ಯೂಕಾಸಲ್ ಕ್ಲಬ್ಬಿನ ಕೆವಿನ್ ಕೀಗನ್ ಪ್ರಕರಣ ಕೇಳಿ. ತನ್ನ ಮಾತು ಮೀರಿ ಆಟಗಾರನನ್ನು ತಂದರು ಅಂತ 2008ರಲ್ಲಿ ಅವರು ಸಿಟ್ಟಿನಿಂದ ಹೊರಬಂದರು. ಮಧ್ಯಸ್ಥಿಕೆ ಮಂಡಳಿ ಮುಂದಿನ ವರ್ಷ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ರಾಜೀನಾಮೆ ಕೊಟ್ಟಿದ್ದು ಅವರಾದರೂ, ಕೊಡುವ ಪರಿಸ್ಥಿತಿ ತಂದಿದ್ದು ಕ್ಲಬ್ಬು ಅಂತು. ಕೀಗನ್ ಇನ್ನೂ ಜಾಸ್ತಿ ಕೇಳಿದ್ದರು. ಸಿಕ್ಕಿದ್ದು 20 ಲಕ್ಷ ಪೌಂಡ್ ಮತ್ತು ಬಡ್ಡಿ. ಯಾಕಂದ್ರೆ ಒಪ್ಪಂದದಲ್ಲಿ ಹಾಕಿದ್ದ ಮಿತಿಯೇ ಅಷ್ಟು.

ಎರಡನೆಯದು, ಫಲಿತಾಂಶಕ್ಕೆ ಗಂಟು ಹಾಕೋದು. 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಡೇವಿಡ್ ಮೋಯೆಸ್ ಅವರಿಗೆ ಆರು ವರ್ಷದ ಒಪ್ಪಂದ ಕೊಟ್ಟಿತ್ತು. ಯುರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ತಂಡ ಅರ್ಹತೆ ಪಡೆಯದಿದ್ದರೆ, ಒಂದು ವರ್ಷದ ಸಂಬಳ ಕೊಟ್ಟು ಕಳಿಸಬಹುದು ಅನ್ನೋ ಷರತ್ತು ಅದರಲ್ಲಿತ್ತು ಅಂತ ಆಗ ವರದಿಯಾಯಿತು. 2014ರ ಏಪ್ರಿಲ್ 20ರಂದು ಎವರ್ಟನ್ ವಿರುದ್ಧ ಯುನೈಟೆಡ್ ಸೋತಿತು. ಅರ್ಹತೆಯ ಲೆಕ್ಕಾಚಾರ ಅಲ್ಲಿಗೆ ಮುಗೀತು. ಮೋಯೆಸ್ ಅವರನ್ನು ಕಳಿಸಿದ್ದು ಯಾವಾಗ ಗೊತ್ತಾ? ಏಪ್ರಿಲ್ 22. ಎರಡೇ ದಿನ!

ಮೂರನೆಯದಕ್ಕೆ ಗಾರ್ಡನಿಂಗ್ ಲೀವ್ ಅಂತ ಹೆಸರು. ಮನೆಯಲ್ಲಿರಪ್ಪ, ತೋಟ ನೋಡ್ಕೋ, ಸಂಬಳ ತಿಂಗಳು ತಿಂಗಳು ಬರುತ್ತೆ. ಬೇರೆ ಕ್ಲಬ್ಬು ಸೇರಿದ ದಿನ ನಿಲ್ಲುತ್ತೆ. ದೊಡ್ಡ ಗಂಟು ಒಂದೇ ಸಲ ಎತ್ತಿಕೊಡೋದು ತಪ್ಪುತ್ತೆ. ಇವ್ಯಾವುದೂ ಆಗದಿದ್ದರೆ ಎರಡೂ ಕಡೆ ಕೂತು ಚೌಕಾಸಿ ಮಾಡಿ, ‘ಪರಸ್ಪರ ಒಪ್ಪಿಗೆಯ ಮೇರೆಗೆ ಬೇರ್ಪಟ್ಟಿದ್ದೇವೆ’ ಅಂತ ಹೇಳಿಕೆ ಕೊಡ್ತಾರೆ. ಆ ಸಾಲು ಓದಿದಾಗೆಲ್ಲ ನೀವು ಅರ್ಥ ಮಾಡ್ಕೋಬೇಕು, ಅದರ ಹಿಂದೆ ಒಂದು ಚೆಕ್ ಇರುತ್ತೆ ಅಂತ.

ಇನ್ನು ಪುಕ್ಕಟೆಯಾಗಿ ಕಳಿಸೋಕೆ ಹೋದವರ ಕಥೆ ಕೇಳಿ. ಚೆಲ್ಸಿಗೆ 2017ರಲ್ಲಿ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟವರು ಇಟಲಿಯ ಆಂಟೊನಿಯೊ ಕಾಂಟೆ. 2018ರ ಜುಲೈನಲ್ಲಿ ಅವರನ್ನು ತೆಗೆದರು. ಡಿಯೆಗೊ ಕೋಸ್ಟಾ ಅನ್ನೋ ಆಟಗಾರನಿಗೆ ‘ನೀನು ನನ್ನ ಯೋಜನೆಯಲ್ಲಿಲ್ಲ’ ಅಂತ ಕಾಂಟೆ ಹಿಂದೊಮ್ಮೆ ಫೋನಿನಲ್ಲಿ ಮೆಸೇಜ್ ಕಳಿಸಿದ್ದರು. ಅದರಿಂದ ಆಟಗಾರನ ಬೆಲೆ ಬಿತ್ತು, ಇದು ದುರ್ನಡತೆ ಅಂತ ಕ್ಲಬ್ಬು ವಾದ ಹೂಡಿತು. ವಾದ ನಿಲ್ಲಲಿಲ್ಲ. ಕಾಂಟೆ ಗೆದ್ದರು. ಕಾಂಟೆ ಮತ್ತು ಅವರ ಸಹಾಯಕರನ್ನು ಕಳಿಸಿದ ಖರ್ಚು, ವಕೀಲರ ಫೀಸು ಎಲ್ಲ ಸೇರಿ ಚೆಲ್ಸಿಯ ಲೆಕ್ಕಪತ್ರದಲ್ಲಿ ಕಾಣಿಸಿದ ಮೊತ್ತ 2 ಕೋಟಿ 66 ಲಕ್ಷ ಪೌಂಡ್!

ವೀಕ್ಷಕರೇ, ಇಷ್ಟೆಲ್ಲ ಕೇಳಿದ ಮೇಲೆ ಒಂದು ವಿಷಯ ಗಮನಿಸಿದ್ರಾ? ಈ ದುಡ್ಡು ಎಷ್ಟು ಅಂತ ನಿರ್ಧಾರ ಆಗೋದು ಮ್ಯಾನೇಜರ್‌ನನ್ನು ಕಳಿಸುವ ದಿನ ಅಲ್ಲ. ಸಹಿ ಹಾಕುವ ದಿನ. ಆ ದಿನ ಹೂಗುಚ್ಛ ಇರುತ್ತೆ, ಕ್ಯಾಮೆರಾ ಇರುತ್ತೆ, ಎಲ್ಲರ ಮುಖದಲ್ಲೂ ನಗು ಇರುತ್ತೆ. ಹೊರಗೆ ಹೋಗುವ ಬಾಗಿಲಿನ ಬಗ್ಗೆ ಕೇಳೋದೇ ಅಪಶಕುನ ಅನ್ನೋ ಹಾಗಿರುತ್ತೆ.

ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲೇ ನೋಡಿ. 2024ರ ಮೇ ತಿಂಗಳಲ್ಲಿ ಎರಿಕ್ ಟೆನ್ ಹಾಗ್ ಅವರ ತಂಡ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಜುಲೈನಲ್ಲಿ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದರು. ಅಕ್ಟೋಬರ್ 28ಕ್ಕೆ ಕೆಲಸದಿಂದ ತೆಗೆದರು. ನಾಲ್ಕು ತಿಂಗಳೂ ಆಗಿರಲಿಲ್ಲ! ಅವರಿಗೂ ಅವರ ಸಹಾಯಕರಿಗೂ ಕೊಟ್ಟ ಪರಿಹಾರ 1 ಕೋಟಿ 4 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಹೊಸಬರಾದ ರೂಬೆನ್ ಅಮೊರಿಮ್ ಅವರನ್ನು ಬಿಡಿಸಿಕೊಂಡು ಬರೋಕೆ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿಗೆ 1 ಕೋಟಿ 10 ಲಕ್ಷ ಯೂರೋ ಕೊಟ್ಟಿದ್ದು ಬೇರೆ. ಅಂದರೆ ಹೋಗುವವನಿಗೂ ಕೊಡಬೇಕು, ಬರುವವನನ್ನು ಬಿಟ್ಟುಕೊಡುವವರಿಗೂ ಕೊಡಬೇಕು. ಟೆನ್ ಹಾಗ್ ವಿಷಯದಲ್ಲಿ ತಪ್ಪಾಯಿತು ಅಂತ ಸಹ ಮಾಲೀಕ ಜಿಮ್ ರಾಟ್‌ಕ್ಲಿಫ್ ಆಮೇಲೆ ಒಪ್ಪಿಕೊಂಡರು.

ಒಪ್ಪಿಕೊಂಡರು, ಸರಿ. ಆದರೆ ಅದೇ ಕ್ಲಬ್ಬು 2024ರಲ್ಲಿ ಖರ್ಚು ಉಳಿಸಬೇಕು ಅಂತ ಸುಮಾರು 250 ಸಿಬ್ಬಂದಿಯ ಕೆಲಸ ತೆಗೆದಿತ್ತು. 2025ರ ಫೆಬ್ರವರಿಯಲ್ಲಿ ಇನ್ನೂ 150ರಿಂದ 200 ಹುದ್ದೆ ಹೋಗುತ್ತೆ ಅಂತ ಹೇಳಿತು. ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಕೆಲಸಗಾರರಿಗೆ ಸಿಗ್ತಿದ್ದ ಉಚಿತ ಮಧ್ಯಾಹ್ನದ ಊಟಕ್ಕೂ ಕತ್ತರಿ ಬಿತ್ತು. ಊಟದ ಬದಲು ಹಣ್ಣು ಅಂದರು.

ಈ ಟಿಕೆಟ್ ಕೌಂಟರಿನವರು, ಅಡುಗೆಯವರು, ಗುಮಾಸ್ತರು ಯಾರೂ ಪಂದ್ಯ ಸೋತಿರಲಿಲ್ಲ. ಇಂಥವರಿಗೆ ಕಾನೂನು ಕೊಡಿಸುವ ಪರಿಹಾರ ಹೇಗೆ ಲೆಕ್ಕ ಆಗುತ್ತೆ ಗೊತ್ತಾ? ಎಷ್ಟು ವರ್ಷ ದುಡಿದಿದ್ದೀರಿ ಅನ್ನೋದರ ಮೇಲೆ. ನಮ್ಮಲ್ಲಿ ಗ್ರಾಚ್ಯುಟಿ ಲೆಕ್ಕ ಹಾಕ್ತಾರಲ್ಲ, ವರ್ಷಕ್ಕೆ ಹದಿನೈದು ದಿನದ ಸಂಬಳ ಅಂತ, ಆ ಥರ. ಆದರೆ ಮ್ಯಾನೇಜರ್‌ಗೆ ಸಿಗೋದು ಅವನು ದುಡಿಯದೇ ಬಿಟ್ಟ ವರ್ಷಗಳ ಮೇಲೆ. ಕೆಳಗಿನವನಿಗೆ ಕಳೆದ ವರ್ಷಗಳ ಲೆಕ್ಕ, ಮೇಲಿನವನಿಗೆ ಉಳಿದ ವರ್ಷಗಳ ಲೆಕ್ಕ. ವ್ಯತ್ಯಾಸ ಇಷ್ಟೇ. ಆದರೆ ಈ ‘ಇಷ್ಟೇ’ ಎಷ್ಟು ದೊಡ್ಡದು ನೋಡಿ!

ಇದು ದೂರದ ಇಂಗ್ಲೆಂಡಿನ ಶ್ರೀಮಂತರ ಕಥೆ, ನಮಗ್ಯಾಕೆ ಅಂತೀರಾ? ನಿಲ್ಲಿ. 2023ರ ಜುಲೈ 4, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಭಾರತ ಸ್ಯಾಫ್ ಚಾಂಪಿಯನ್‌ಷಿಪ್ ಎತ್ತಿ ಹಿಡಿಯಿತು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿದ್ದಿರಬಹುದು. ತಂಡದ ಕೋಚ್ ಕ್ರೊಯೇಷ್ಯಾದ ಇಗೊರ್ ಸ್ಟಿಮಾಚ್. ಆ ಸಂಭ್ರಮದ ಕೆಲವೇ ತಿಂಗಳಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರ ಒಪ್ಪಂದವನ್ನು 2026ರವರೆಗೆ ಎಳೆಯಿತು. ಆಮೇಲೆ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು ಸೋಲು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮುಂದಿನ ಹಂತ ತಲುಪಲಿಲ್ಲ. 2024ರ ಜೂನ್ 17ರಂದು ಅವರನ್ನು ತೆಗೆದರು. ಮೂರು ತಿಂಗಳ ಸಂಬಳ ಕೊಡ್ತೀವಿ ಅಂದರು. ಅವರು ಫಿಫಾ ಮೆಟ್ಟಿಲೇರ್ತೀನಿ ಅಂದರು. ಕೊನೆಗೆ 4 ಲಕ್ಷ ಡಾಲರ್, ಅಂದರೆ 3 ಕೋಟಿ ರೂಪಾಯಿಗೂ ಹೆಚ್ಚು ಹಣಕ್ಕೆ ರಾಜಿ ಆಯಿತು ಅಂತ ವರದಿಯಾಯಿತು. ಇದು ಯಾವುದೋ ಶ್ರೀಮಂತ ಮಾಲೀಕನ ಜೇಬಿನ ದುಡ್ಡಲ್ಲ. ಹುಡುಗರ ಶಿಬಿರಕ್ಕೂ ಮೈದಾನಕ್ಕೂ ಹಣ ಸಾಲದ ದೇಶದ ಫೆಡರೇಷನ್ನಿನ ದುಡ್ಡು.

ಹಾಗಂತ ಮ್ಯಾನೇಜರ್‌ಗಳೆಲ್ಲ ದುಡ್ಡು ಹೊಡೆಯೋಕೆ ಬಂದವರು ಅಂತ ನಾನು ಹೇಳ್ತಿಲ್ಲ. ಎರಡು ತಿಂಗಳಿಗೆ ಕಿತ್ತುಹಾಕುವ ಊರಿಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಯಾವ ಭರವಸೆ ಮೇಲೆ ಬರಬೇಕು? ಕೆಳಗಿನ ಲೀಗ್‌ಗಳಲ್ಲಿ ಒಮ್ಮೆ ಕೆಲಸ ಕಳೆದುಕೊಂಡರೆ ಮತ್ತೆ ಕರೆ ಬಾರದೇ ಉಳಿದುಬಿಡೋರೂ ಇರ್ತಾರೆ. ಬರ್ಗ್ ಮೋಸ ಮಾಡಲಿಲ್ಲ, ಕಾಂಟೆ ಮೋಸ ಮಾಡಲಿಲ್ಲ, ಸ್ಟಿಮಾಚ್ ಕೇಳಿದ್ದು ಕಾಗದದಲ್ಲಿದ್ದ ಹಕ್ಕು. ಕೊಟ್ಟ ಮಾತಿಗೆ ಬೆಲೆ ಇರಲೇಬೇಕು.

ನನ್ನ ತಕರಾರು ಮಾತು ಕೊಟ್ಟವರ ಬಗ್ಗೆ. ಗೆದ್ದ ಖುಷಿಯಲ್ಲಿ ಸಹಿ ಹಾಕ್ತಾರೆ, ಸೋತ ಸಿಟ್ಟಲ್ಲಿ ಹೊರಗೆ ಹಾಕ್ತಾರೆ. ಎರಡಕ್ಕೂ ಅವರ ಜೇಬಿಂದ ಏನೂ ಹೋಗಲ್ಲ. ಸಹಿ ಹಾಕಿದವರ ಹೆಸರು ಆ ಪರಿಹಾರದ ಲೆಕ್ಕದ ಪಕ್ಕದಲ್ಲಿ ಎಲ್ಲೂ ಕಾಣಲ್ಲ. ಕಾಣೋದು ‘ಅಸಾಧಾರಣ ವೆಚ್ಚ’ ಅನ್ನೋ ಎರಡು ಪದ ಮಾತ್ರ.

ಮುಂದಿನ ಸಲ ದೊಡ್ಡ ಕೋಚ್ ಒಬ್ಬ ಐದು ವರ್ಷಕ್ಕೆ ಬಂದ ಅಂತ ಸುದ್ದಿ ನೋಡಿದಾಗ, ಗೆಲ್ತಾನಾ ಸೋಲ್ತಾನಾ ಅಂತ ಆಮೇಲೆ ಕೇಳಿ. ಸೋತರೆ ಕಳಿಸೋಕೆ ಎಷ್ಟು ಬರೆದುಕೊಟ್ಟಿದ್ದೀರಿ, ಆ ದಿನ ಊಟ ತಪ್ಪೋದು ಯಾರದ್ದು ಅಂತ ಮೊದಲು ಕೇಳಿ.