ಕಾಟಿ ಅಖಾಡಕ್ಕೆ ಇಳಿದ ದಿನ

ನಮ್ಮ ರೋಬೊ ಹೆಸರು ‘ಕಾಟಿ’. ಕೊಡಗಿನವರಿಗೆ ಈ ಹೆಸರಿನ ಕಾರಣ ಹೇಳಬೇಕಿಲ್ಲ. ತೋಟಕ್ಕೆ ನುಗ್ಗಿದ ಕಾಟಿ ತಲೆ ತಗ್ಗಿಸಿತೆಂದರೆ ಎದುರಿಗಿದ್ದವರು ಓಡಲೇಬೇಕು. ನಮ್ಮದೂ ತಲೆ ತಗ್ಗಿಸಿದ ಪ್ರಾಣಿಯೇ. ಮುಂದೆ ನೆಲಕ್ಕೆ ತಾಗುವಂತೆ ಇಳಿಜಾರಾಗಿ ಕೂರಿಸಿದ ಉಕ್ಕಿನ ದಪ್ಪ ತಗಡು, ಹಿಂದೆ ಎರಡು ಚಕ್ರ, ನಡುವೆ ಬ್ಯಾಟರಿ. ತಿರುಗುವ ಬ್ಲೇಡ್ ಇಲ್ಲ, ಸುತ್ತಿಗೆ ಇಲ್ಲ. ಬೇಡ ಅಂತಲ್ಲ, ದುಡ್ಡಿರಲಿಲ್ಲ. ನಾಲ್ವರು ಸೇರಿ ಹಾಕಿದ ಹಣ ಮೋಟಾರು, ಬ್ಯಾಟರಿ, ರಿಮೋಟ್‌ಗೇ ಮುಗಿದಿತ್ತು. ನನ್ನ ಪಾಲಿನ ಆರು ಸಾವಿರ ರೂಪಾಯಿ, ಸೆಮಿಸ್ಟರ್ ರಜೆಯಲ್ಲಿ ಸಿದ್ದಾಪುರದ ಹತ್ತಿರದ ತೋಟದಲ್ಲಿ ರೊಬಸ್ಟಾ ಕೊಯ್ದು ಸಂಪಾದಿಸಿದ್ದು.

ಕರಾವಳಿಯ ಎಂಜಿನಿಯರಿಂಗ್ ಕಾಲೇಜೊಂದರ ಟೆಕ್ ಫೆಸ್ಟ್‌ನಲ್ಲಿ ರೋಬೊವಾರ್ ಇತ್ತು. 15 ಕೆ.ಜಿ. ವಿಭಾಗ. ತೋಟದಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿಯಲ್ಲೇ ಕಾಟಿಯನ್ನು ತೂಗಿದ್ದೆವು, 14.8 ಬಂದಿತ್ತು. ನಿಯಮ ಸರಳ. ಸುತ್ತಲೂ ಪಾಲಿಕಾರ್ಬನೇಟ್ ಗೋಡೆಯ ಅಖಾಡ, ಮೂರು ನಿಮಿಷದ ಪಂದ್ಯ. ಹತ್ತು ಎಣಿಸುವವರೆಗೂ ಸರಿಯಾಗಿ ಚಲಿಸಲಾಗದ ರೋಬೊ ಸೋತಂತೆ. ಇಬ್ಬರೂ ಉಳಿದರೆ ಯಾರು ಹೆಚ್ಚು ಹಾನಿ ಮಾಡಿದರು, ಯಾರು ಮೇಲೆ ಬಿದ್ದು ಆಡಿದರು, ಯಾರ ಹಿಡಿತ ಚೆನ್ನಾಗಿತ್ತು ಎಂದು ನೋಡಿ ತೀರ್ಪು. ಆಯುಧ ಕಡ್ಡಾಯವಿರಲಿಲ್ಲ. ಆ ಒಂದು ಸಾಲೇ ನಮಗೆ ಧೈರ್ಯ ಕೊಟ್ಟಿದ್ದು.

ಇನ್ನೂ ಧೈರ್ಯ ಕೊಟ್ಟಿದ್ದು ಅಮೆರಿಕದ ‘ಬ್ಯಾಟಲ್‌ಬಾಟ್ಸ್’ ಟಿವಿ ಸ್ಪರ್ಧೆಯ ವಿಡಿಯೊ. ಅಲ್ಲಿನ ರೋಬೊಗಳು ಸುಮಾರು 113 ಕೆ.ಜಿ. ತೂಗುತ್ತವೆ, ನಮ್ಮದು ಅದರ ಮುಂದೆ ಕರು. 2015ರ ಫೈನಲ್‌ನಲ್ಲಿ ಭಾರೀ ಅಡ್ಡ ಬ್ಲೇಡಿನ ‘ಟೂಂಬ್‌ಸ್ಟೋನ್’ ಎದುರು ‘ಬೈಟ್ ಫೋರ್ಸ್’ ಗೆದ್ದಿತು. ಆ ವರ್ಷ ಬೈಟ್ ಫೋರ್ಸ್‌ಗೆ ತಿರುಗುವ ಆಯುಧವೇ ಇರಲಿಲ್ಲ. ಎದುರಾಳಿಯನ್ನು ಹಿಡಿದು ಎತ್ತುವ ತೋಳಿತ್ತು ಅಷ್ಟೇ. ಅದೇ ತಂಡ ಮುಂದೆ ತಿರುಗುವ ಬ್ಲೇಡ್ ಹಾಕಿಕೊಂಡು 2018 ಮತ್ತು 2019ರಲ್ಲಿ ಮತ್ತೆ ಗೆದ್ದಿತು ಅನ್ನುವುದು ಬೇರೆ ಮಾತು. ನಾವು 2015ನ್ನೇ ಹಿಡಿದುಕೊಂಡೆವು.

ತಂಡದಲ್ಲಿ ಲೆಕ್ಕದ ಹುಚ್ಚಿರುವ ಗೆಳತಿಯೊಬ್ಬಳಿದ್ದಾಳೆ. ನಮ್ಮ ಪ್ಲಾನ್ ಪೂರ್ತಿ ಅವಳದು. ಎದುರಾಳಿಯ ಬ್ಲೇಡ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 50 ಸುತ್ತು. ಬ್ಲೇಡಿಗೆ ಎರಡು ತುದಿ, ಹಾಗಾಗಿ ಒಂದೇ ಜಾಗವನ್ನು ಸೆಕೆಂಡಿಗೆ 100 ಸಲ ದಾಟುತ್ತದೆ. ನಾವು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನುಗ್ಗಿದರೆ, ಒಂದು ತುದಿ ಹೋಗಿ ಇನ್ನೊಂದು ಬರುವಷ್ಟರಲ್ಲಿ 2 ಸೆಂ.ಮೀ. ಒಳಗೆ ಹೋಗಿರುತ್ತೇವೆ. ಅಷ್ಟು ಆಳಕ್ಕೆ ಅದು ಕಚ್ಚುತ್ತದೆ. ಅರ್ಧ ಮೀಟರ್ ವೇಗದಲ್ಲಿ ಹೋದರೆ ಕಚ್ಚುವುದು ಅರ್ಧ ಸೆಂ.ಮೀ. ಮಾತ್ರ, ಇಳಿಜಾರು ತಗಡಿನ ಮೇಲೆ ಕಿಡಿ ಹಾರಿಸಿ ಜಾರಿಹೋಗುತ್ತದೆ. ನಾವು ಎಷ್ಟು ಜೋರಾಗಿ ನುಗ್ಗುತ್ತೇವೋ ಅದರ ಹಲ್ಲು ಅಷ್ಟು ಉದ್ದ!

ಆದರೆ ಪಂದ್ಯ ಶುರುವಾಗುವಾಗ ಬ್ಲೇಡ್ ನಿಂತಿರುತ್ತದೆ. ಅರ್ಧ ವೇಗಕ್ಕೆ ಬಂದಾಗಲೂ ಅದರಲ್ಲಿರುವುದು ಕಾಲು ಭಾಗ ಶಕ್ತಿ ಮಾತ್ರ, ಏಕೆಂದರೆ ಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತದೆ. ಎರಡನೇ ಪಂದ್ಯದಲ್ಲಿ ನಮಗೆ ಎದುರಾಗಲಿದ್ದ ತಂಡದ ಮೊದಲ ಪಂದ್ಯವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಬ್ಲೇಡಿನ ಸದ್ದು ಏರಿ ಒಂದೇ ಸಮ ಆಗುವವರೆಗೆ ಎಣಿಸಿದೆವು. ಸುಮಾರು ಐದು ಸೆಕೆಂಡ್. ಅಖಾಡ ದಾಟಲು ನಮಗೆ ಮೂರು ಸಾಕು. ಹಾಗಾಗಿ ಬಜರ್ ಆದ ತಕ್ಷಣ ಓಡಬೇಕು, ಗುದ್ದಿ ಗೋಡೆಗೆ ಒತ್ತಬೇಕು. ತಪ್ಪಿಸಿಕೊಂಡು ಬ್ಲೇಡ್ ಪೂರ್ತಿ ತಿರುಗಿತೋ, ಆಮೇಲೆ ನಡಿಗೆ ಮಾತ್ರ. ಮುಖ ಅದರ ಕಡೆಗೇ ಇರಬೇಕು, ಚಕ್ರ ತೋರಿಸಬಾರದು.

ಮೊದಲ ಪಂದ್ಯದ ಬಗ್ಗೆ ಹೇಳುವುದೇನಿಲ್ಲ. ಎದುರಾಳಿಯ ಚೈನ್ ಕಳಚಿತು, ಗೆದ್ದೆವು. ಎರಡನೆಯದರಲ್ಲಿ ರಿಮೋಟ್ ನನ್ನ ಕೈಲಿತ್ತು. ಓಡಿದೆ, ಗುದ್ದಿದೆ, ಗೋಡೆಗೆ ಒತ್ತಿದೆ. ಎಲ್ಲ ಲೆಕ್ಕದಂತೆಯೇ. ನಿಯಮದಂತೆ ಬಿಟ್ಟು ಹಿಂದೆ ಸರಿದಾಗ ಬ್ಲೇಡ್ ಸದ್ದು ಏರತೊಡಗಿತು. ಸುತ್ತ ಕೂಗು, ಶಿಳ್ಳೆ. ಪಕ್ಕದಲ್ಲಿ ಗೆಳತಿ ‘ನಿಧಾನ, ನಿಧಾನ’ ಅಂದಿದ್ದು ಕೇಳಿಸಿತ್ತು. ಕೇಳಿಸಲಿಲ್ಲ ಅಂತ ಸುಳ್ಳು ಹೇಳಲಾರೆ. ಇನ್ನೊಂದು ಗುದ್ದು ಕೊಟ್ಟರೆ ಮುಗಿಯಿತು ಅನ್ನಿಸಿ ಸ್ಟಿಕ್ ಪೂರ್ತಿ ಒತ್ತಿದೆ. ಬ್ಲೇಡ್ ತಗಡಿನ ಮೂಲೆಯನ್ನು ಕಚ್ಚಿತು. ಕಾಟಿ ಗಿರ್ರನೆ ತಿರುಗಿ ಹಿಂಭಾಗ ತೋರಿಸಿತು. ಮುಂದಿನ ಏಟಿಗೆ ಎಡ ಚಕ್ರ ಮೋಟಾರಿನ ಶಾಫ್ಟ್ ಸಮೇತ ಹಾರಿಹೋಯಿತು. ಒಂದೇ ಚಕ್ರದಲ್ಲಿ ನಿಂತಲ್ಲೇ ಸುತ್ತುತ್ತಿದ್ದ ಕಾಟಿಯ ಮುಂದೆ ರೆಫರಿ ಹತ್ತು ಎಣಿಸಿದರು.

ಗೆಳತಿ ಬೈಯಲಿಲ್ಲ. ನೆಲದಲ್ಲಿ ಬಿದ್ದ ಬೋಲ್ಟ್‌ಗಳನ್ನು ಒಂದೊಂದಾಗಿ ಆರಿಸಿ ಡಬ್ಬಕ್ಕೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಗೋಣಿಚೀಲದಲ್ಲಿ ಕಾಟಿಯನ್ನು ತುಂಬಿಕೊಂಡು ಸಂಪಾಜೆ ಮೇಲೆ ಬಸ್ಸಿನಲ್ಲಿ ಬಂದೆವು. ‘ಏನಪ್ಪಾ ಇದು, ಪಂಪ್‌ಸೆಟ್ಟಾ?’ ಅಂದ ಕಂಡಕ್ಟರ್‌ಗೆ ಹೌದು ಅಂದುಬಿಟ್ಟೆ. ವಿವರಿಸುವ ಮನಸ್ಸಿರಲಿಲ್ಲ.

ಅಪ್ಪ ತೋಟದಲ್ಲಿ ಕಳೆ ಕೊಚ್ಚುವ ಮಿಷನ್ ಹಿಡಿಯುತ್ತಾರೆ. ಅಂಗಳದಲ್ಲಿ ಕೂತು ಹರಿದ ಚಕ್ರವನ್ನು ತಿರುಗಿಸಿ ನೋಡಿದರು. ‘ಜೋರಾಗಿ ಒತ್ತಿದ್ಯಾ?’ ಅಂದರು. ಹೂಂ ಅಂದೆ. ‘ಕಲ್ಲಿರೋ ಕಡೆ ಮಿಷನ್ ಒತ್ತಿ ಹಿಡಿದ್ರೆ ಬ್ಲೇಡು ಕಚ್ಚಿ ಕೈಗೆ ಒದೆಯುತ್ತೆ ಮಗಾ. ಸವರಿಕೊಂಡು ಹೋಗ್ಬೇಕು.’ ನಾವು ಸೂತ್ರ ಬರೆದು ಕಂಡುಕೊಂಡಿದ್ದನ್ನು ಅವರು ಎರಡು ಮಾತಲ್ಲಿ ಹೇಳಿಬಿಟ್ಟಿದ್ದರು. ಫೆಸ್ಟ್‌ಗೆ ಹೋಗುವ ಮುಂಚೆ ಅವರಿಗೆ ಒಮ್ಮೆಯೂ ರೋಬೊವನ್ನು ಬಿಚ್ಚಿ ತೋರಿಸಿರಲಿಲ್ಲ.

ನಿಮ್ಮ ಕಾಲೇಜಿನಲ್ಲೂ ತಂಡ ಕಟ್ಟುವವರಿದ್ದರೆ ಒಂದು ಸಣ್ಣ ವಿಷಯ. ರಿಮೋಟ್‌ನಲ್ಲಿ ಸ್ಟಿಕ್ ಪೂರ್ತಿ ಒತ್ತಿದರೂ ವೇಗ ಕಾಲು ಭಾಗಕ್ಕೇ ನಿಲ್ಲುವಂತೆ ಒಂದು ಸ್ವಿಚ್ಚಿಗೆ ಸೆಟ್ ಮಾಡಬಹುದು. ನಾವು ಈಗ ಮಾಡಿಕೊಂಡಿದ್ದೇವೆ. ಬಜರ್ ಆಗಿ ಐದು ಸೆಕೆಂಡಿಗೆ ಆ ಸ್ವಿಚ್ ಹಾಕುವವಳು ಗೆಳತಿ, ನಾನಲ್ಲ. ಅವಳೇ ಇಟ್ಟ ಷರತ್ತು.

ಮೋಟಾರು ಮತ್ತು ಚಕ್ರಕ್ಕೆ ಇನ್ನೂ ಎರಡು ಸಾವಿರ ಚಿಲ್ಲರೆ ಬೇಕು. ಪರೀಕ್ಷೆ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಈ ಸಲ ಕೊಯ್ಯಲು ಗೆಳತಿಯೂ ಬರುತ್ತೇನೆ ಅಂದಿದ್ದಾಳೆ.