ಕ್ಷೇತ್ರಶಿಬಿರದ ಬೆಂಕಿ: ಅದನ್ನು ಹೂಡುವ, ಕಾಯುವ ಮತ್ತು ಆರಿಸುವ ಕ್ರಮ

ಮಳೆಗಾಲ ಕಳೆದು ಹಾದಿಗಳು ಒಣಗಿದ ಮೇಲೆ ನಮ್ಮ ವಿಭಾಗದ ವಿದ್ಯಾರ್ಥಿಗಳು ಕ್ಷೇತ್ರಾಧ್ಯಯನಕ್ಕಾಗಿ ಗುಡ್ಡಗಾಡುಗಳ ಕಡೆಗೆ ಹೊರಡುವುದು ರೂಢಿಯಾಗಿ ಬಂದಿದೆ. ಹೊರಡುವ ಮುನ್ನ ಅವರಿಗೆ ಉಪಕರಣಗಳ ಬಳಕೆ, ನಕ್ಷೆಯ ವಾಚನ, ಮಾದರಿಗಳ ಸಂಗ್ರಹ, ದಿನಚರಿಯ ಲೇಖನ ಮೊದಲಾದ ವಿಷಯಗಳಲ್ಲಿ ಸಾಕಷ್ಟು ಸೂಚನೆ ದೊರೆಯುತ್ತದೆ. ಆದರೆ ಸಂಜೆಯಾದ ಮೇಲೆ ಬಿಡಾರದ ಮುಂದೆ ಹೊತ್ತಿಸುವ ಬೆಂಕಿಯ ವಿಷಯದಲ್ಲಿ ಯಾರೂ ಯಾರಿಗೂ ಏನನ್ನೂ ಹೇಳುವುದಿಲ್ಲ. ಒಲೆ ಹೊತ್ತಿಸುವುದನ್ನೂ ವಿಶ್ವವಿದ್ಯಾನಿಲಯದಲ್ಲಿ ಕಲಿಸಬೇಕೆ ಎಂದು ಕೇಳುವವರು ಉಂಟು. ಹೊತ್ತಿಸುವುದನ್ನು ಕಲಿಸಬೇಕಾಗಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆರಿಸುವುದನ್ನು ಕಲಿಸಬೇಕೆಂಬುದೇ ನಮ್ಮ ವಾದ. ಶಿಬಿರದ ಬೆಂಕಿಯಿಂದ ಒದಗುವ ಅಪಾಯವು ಜ್ವಾಲೆ ಎದ್ದು ಕುಣಿಯುತ್ತಿರುವಾಗ ಇರುವುದಕ್ಕಿಂತಲೂ ಜ್ವಾಲೆ ಅಡಗಿ, ಜನರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಮೇಲೆ ಹೆಚ್ಚು. ಇದು ಹೇಗೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಚಾರಿಸತಕ್ಕದ್ದು, ಬೆಂಕಿಯನ್ನು ಹೊತ್ತಿಸಬಹುದೇ ಎಂಬ ಪ್ರಶ್ನೆ. ಅಭಯಾರಣ್ಯದಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಹಾಗೆಯೇ ಬಿಟ್ಟು ಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 30ನೆಯ ಪ್ರಕರಣವು ನಿಷೇಧಿಸಿದೆ. ಕಾಯ್ದಿಟ್ಟ ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಅಧಿನಿಯಮದ ನಿರ್ಬಂಧಗಳುಂಟು. ಆದ್ದರಿಂದ ಸೌದೆಯ ಬೆಂಕಿಗೆ ಅವಕಾಶವಿರುವುದು ಅನುಮತಿ ದೊರೆತ ಬಿಡಾರಗಳಲ್ಲಿ, ತೋಟದ ಒಡೆಯರು ಒಪ್ಪಿದ ಕಡೆಗಳಲ್ಲಿ ಮತ್ತು ಕಾಡಿನ ಹೊರಗಣ ಬಯಲುಗಳಲ್ಲಿ ಮಾತ್ರ. ಉಳಿದ ಕಡೆ ಸಣ್ಣ ಅನಿಲದ ಒಲೆಯೊಂದು ಅಡುಗೆಗೆ ಸಾಕು; ಚಳಿಗೆ ಕಂಬಳಿ ಸಾಕು.

ಅನುಮತಿಯಿದ್ದ ಮಾತ್ರಕ್ಕೆ ಋತು ಒಪ್ಪಬೇಕೆಂದಿಲ್ಲ. ಎಲೆಯುದುರುವ ಕಾಡುಗಳಲ್ಲಿ ಮಾಘ, ಫಾಲ್ಗುಣಗಳ ಹೊತ್ತಿಗೆ ನೆಲದ ಮೇಲೆ ತರಗಿನ ಹಾಸು ಬಿದ್ದಿರುತ್ತದೆ. ಹುಲ್ಲು ನಿಂತಲ್ಲಿಯೇ ಒಣಗಿರುತ್ತದೆ. ಲಂಟಾನದ ಪೊದೆಗಳು ನೆಲದಿಂದ ಕೊಂಬೆಯವರೆಗೆ ಬೆಂಕಿಗೆ ಏಣಿಯಿಟ್ಟಂತೆ ಹಬ್ಬಿರುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮೀರಿದ ಕಾಡು ಉರಿದುದು ಇಂತಹ ಕಾಲದಲ್ಲಿಯೇ. ಅದಕ್ಕೆ ಹಿಂದಿನ ವರ್ಷ, 2018ರ ಮಾರ್ಚಿಯಲ್ಲಿ, ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರ ಪೈಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಕಾಡ್ಗಿಚ್ಚಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಈ ಎರಡೂ ಶಿಬಿರದ ಬೆಂಕಿಯಿಂದ ಹುಟ್ಟಿದುವೆಂದು ನಾವು ಹೇಳುತ್ತಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಗುಡ್ಡಗಳ ಹುಲ್ಲು ಒಂದು ಕಿಡಿಗೆ ಏನು ಮಾಡಬಲ್ಲುದೆಂಬುದಕ್ಕೆ ಅವು ನಿದರ್ಶನಗಳು, ಅಷ್ಟೆ. ಬಿದಿರಿಗೆ ಬಿದಿರು ಉಜ್ಜಿ ಕಾಡ್ಗಿಚ್ಚು ಏಳುವುದೆಂಬ ಮಾತು ಜನಜನಿತವಾಗಿದೆ. ಆದರೆ ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುತೇಕ ಎಲ್ಲವೂ ಮನುಷ್ಯನ ಕೈಯಿಂದಲೇ ಹುಟ್ಟುತ್ತವೆ. ಬಿದಿರು ತನಗಲ್ಲದ ಅಪವಾದವನ್ನು ಹೊತ್ತಿದೆ.

ಹಾಗೆಂದು ಕಾಡಿನಲ್ಲಿ ಬೆಂಕಿಯೆಂದರೆ ಎಲ್ಲವೂ ಒಂದೇ ಎಂದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆ ಬಲಿಯುವ ಮುನ್ನವೇ, ತರಗೆಲೆಯಷ್ಟೇ ಉರಿದು ಹೋಗುವಂತೆ ನೆಲಮಟ್ಟದ ಬೆಂಕಿಯನ್ನು ಹಾಕುತ್ತಿದ್ದರು. ಅದಕ್ಕೆ ಅವರ ಮಾತಿನಲ್ಲಿ ತರಗು ಬೆಂಕಿಯೆಂದು ಹೆಸರು. ಅದು ನಿಂತ ಮೇಲೆ ಲಂಟಾನವೂ ನೆಲ್ಲಿಮರದ ಬಂದಳಿಕೆಯೂ ಹೆಚ್ಚಿದುವೆಂಬುದು ಅವರ ಅಭಿಪ್ರಾಯ. ಸಂಶೋಧಕರಲ್ಲಿ ಈ ಕುರಿತು ಚರ್ಚೆ ನಡೆದಿದೆ. ನಾವು ಇಲ್ಲಿ ಗಮನಿಸಬೇಕಾದುದು ಇಷ್ಟು: ಯಾವ ತಿಂಗಳು, ಯಾವ ಹೊತ್ತು, ಎಷ್ಟು ಒಣಗು ಎಂಬ ಲೆಕ್ಕವಿಲ್ಲದೆ ಅವರು ಬೆಂಕಿಯನ್ನು ಮುಟ್ಟುತ್ತಿರಲಿಲ್ಲ. ಪಟ್ಟಣದಿಂದ ಬಂದ ನಮಗೆ ಆ ಲೆಕ್ಕ ತಿಳಿಯದು. ಫೆಬ್ರವರಿಯಿಂದ ಮುಂಗಾರಿನ ಮುಂಚಿನ ಮಳೆ ಬೀಳುವವರೆಗೆ ಸೌದೆಯ ಬೆಂಕಿಯನ್ನು ಕೈಬಿಡುವುದೇ ಲೇಸು.

ಇನ್ನು ದಹನದ ಸ್ವರೂಪ. ಕಟ್ಟಿಗೆಯು ಎರಡು ಬಗೆಯಾಗಿ ಉರಿಯುತ್ತದೆ. ಶಾಖ ತಗುಲಿದ ಕಟ್ಟಿಗೆಯಿಂದ ಮೊದಲು ನೀರು ಹಬೆಯಾಗಿ ಹೋಗುತ್ತದೆ. ಬಳಿಕ, ಶಾಖವು 200 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತ ಹೋದಂತೆ, ಕಟ್ಟಿಗೆಯೇ ಒಡೆದು ಉರಿಯಬಲ್ಲ ಅನಿಲಗಳನ್ನು ಹೊರಸೂಸುತ್ತದೆ. ನಾವು ಜ್ವಾಲೆಯೆಂದು ಕರೆಯುವುದು ಈ ಅನಿಲಗಳ ಉರಿಯನ್ನು. ಅನಿಲಗಳು ಮುಗಿದ ಮೇಲೆ ಉಳಿಯುವುದು ಇದ್ದಿಲು. ಇದ್ದಿಲು ಜ್ವಾಲೆಯಿಲ್ಲದೆ, ತನ್ನ ಮೈಮೇಲೆಯೇ ಗಾಳಿಯ ಆಮ್ಲಜನಕವನ್ನು ಕೂಡಿ, ನಿಗಿನಿಗಿಯಾಗಿ ಉರಿಯುತ್ತದೆ. ಇದನ್ನು ಕೆಂಡದಹನವೆಂದು ಕರೆಯೋಣ. ಜ್ವಾಲೆಗೆ ಗಾಳಿ ಧಾರಾಳವಾಗಿ ಬೇಕು. ಕೆಂಡಕ್ಕೆ ಬಹು ಸ್ವಲ್ಪ ಸಾಕು. ಜ್ವಾಲೆ ಆರಿದುದು ಕಣ್ಣಿಗೆ ಕಾಣುತ್ತದೆ. ಕೆಂಡ ಆರಿದುದು ಕಾಣುವುದಿಲ್ಲ.

ಈ ಭೇದವನ್ನು ನಮ್ಮ ಹಳೆಯ ಅಡುಗೆಮನೆಗಳಲ್ಲಿ ಬಲ್ಲವರಿದ್ದರು. ರಾತ್ರಿಯ ಅಡುಗೆ ಮುಗಿದ ಮೇಲೆ ಒಲೆಯೊಳಗಿನ ಕೆಂಡವನ್ನು ಒಂದೆಡೆ ಒಟ್ಟಿ, ಮೇಲೆ ಬೂದಿ ಮುಚ್ಚಿ ಮಲಗುವರು. ಬೆಳಿಗ್ಗೆ ಬೂದಿ ಸರಿಸಿ, ನಾಲ್ಕು ಪುರಳೆಯಿಟ್ಟು ಊದುಗೊಳವೆಯಿಂದ ಊದಿದರೆ ಒಲೆ ಹೊತ್ತಿಕೊಳ್ಳುವುದು, ಬೆಂಕಿಕಡ್ಡಿ ಬೇಕಾಗುತ್ತಿರಲಿಲ್ಲ. ಬೂದಿಯು ಶಾಖವನ್ನು ಹೊರಗೆ ಬಿಡದೆ, ಗಾಳಿಯನ್ನು ಒಳಗೆ ಹನಿಹನಿಯಾಗಿ ಬಿಡುತ್ತ, ಕೆಂಡವನ್ನು ಇಡೀ ರಾತ್ರಿ ಕಾಪಾಡುತ್ತಿತ್ತು. ಬೂದಿ ಮುಚ್ಚಿದ ಕೆಂಡವೆಂಬ ನುಡಿಗಟ್ಟು ಹುಟ್ಟಿದ್ದು ಇಂತಹ ಒಲೆಗಳ ಮುಂದೆಯೇ ಇರಬೇಕು. ಹೀಗಿರಲು, ಶಿಬಿರ ಬಿಡುವಾಗ ಬೆಂಕಿಯ ಮೇಲೆ ನಾಲ್ಕು ಹಿಡಿ ಮಣ್ಣೆಳೆದು ಬೆಂಕಿ ಆರಿಸಿದೆವೆಂದು ನಂಬುವವನು ಏನು ಮಾಡುತ್ತಿದ್ದಾನೆ? ಅಜ್ಜಿಯು ಬೆಂಕಿಯನ್ನು ಉಳಿಸಲು ಮಾಡುತ್ತಿದ್ದ ಕೆಲಸವನ್ನೇ ಅವನು ಬೆಂಕಿಯನ್ನು ಕಳೆಯಲು ಮಾಡುತ್ತಿದ್ದಾನೆ. ಶಿಬಿರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದೇ.

ಇದರೊಡನೆ ಕಾಡಿನ ದಿನಚರಿಯನ್ನೂ ಕೂಡಿಸಿ ನೋಡಬೇಕು. ಬೆಳಗಿನ ಜಾವದಲ್ಲಿ ಗಾಳಿ ತೇವವಾಗಿರುತ್ತದೆ, ಹುಲ್ಲಿನ ಮೇಲೆ ಇಬ್ಬನಿಯಿರುತ್ತದೆ, ಎಲೆ ಅಲುಗುವುದಿಲ್ಲ. ತಂಡವು ಕಾಫಿ ಕುಡಿದು, ಮಣ್ಣೆಳೆದು, ಎಂಟು ಗಂಟೆಗೆ ಹೊರಡುತ್ತದೆ. ಬಿಸಿಲೇರಿದಂತೆ ಇಬ್ಬನಿ ಆರಿ, ತರಗು ಗರಿಗರಿಯಾಗುತ್ತದೆ; ಕಾದ ಗಾಳಿ ಕಣಿವೆಯಿಂದ ಇಳಿಜಾರನ್ನು ಹಿಡಿದು ಮೇಲಕ್ಕೆ ಬೀಸತೊಡಗುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಯ ಸುಮಾರಿಗೆ ಗಾಳಿಯ ತೇವಾಂಶ ದಿನದಲ್ಲಿಯೇ ಅತ್ಯಂತ ಕಡಿಮೆಯಿರುತ್ತದೆ. ಮಣ್ಣಿನಡಿಯಲ್ಲಿ ಕಾದಿದ್ದ ಕೆಂಡಕ್ಕೆ ಆಗ ಊದುಗೊಳವೆ ದೊರೆತಂತೆ. ಹೊತ್ತಿಸಿದವರು ಅಷ್ಟರಲ್ಲಿ ಹತ್ತು ಮೈಲಿ ಆಚೆ ಇರುತ್ತಾರೆ. ತಮ್ಮ ಬೆಂಕಿಯ ಸುದ್ದಿ ಅವರಿಗೆ ಎಂದಿಗೂ ತಲುಪದೆ ಹೋಗಬಹುದು.

ಸ್ಥಳವನ್ನು ಆರಿಸುವಾಗ ಈ ಅಂಶವನ್ನು ಮನಸ್ಸಿನಲ್ಲಿಡಬೇಕು. ಹಿಂದಿನವರು ಬೆಂಕಿ ಹಾಕಿದ ಗುರುತಿದ್ದರೆ ಅದೇ ಜಾಗವನ್ನು ಬಳಸುವುದು ಉತ್ತಮ. ಇಲ್ಲವಾದರೆ ಮರಳು, ಜಲ್ಲಿ ಅಥವಾ ಬರಿಯ ಮಣ್ಣಿನ ಸಮತಟ್ಟಾದ ನೆಲವನ್ನು ಹುಡುಕಬೇಕು. ಸುತ್ತ ಮೂರು ಮೀಟರಿನಷ್ಟಾದರೂ ತರಗು, ಹುಲ್ಲು, ಕಡ್ಡಿಗಳನ್ನು ಗುಡಿಸಿ ತೆಗೆಯಬೇಕು. ಗುಡಿಸುವುದೆಂದರೆ ಮೇಲಣ ಎಲೆಯನ್ನು ಮಾತ್ರವಲ್ಲ, ಅದರಡಿಯ ಕೊಳೆತ ಎಲೆಗೊಬ್ಬರವನ್ನೂ ಕೆರೆದು ಮಣ್ಣು ಕಾಣುವಂತೆ ಮಾಡುವುದು. ಶೋಲಾ ಕಾಡುಗಳ ಅಂಚಿನಲ್ಲಿ ಈ ಎಲೆಗೊಬ್ಬರದ ಪದರ ದಪ್ಪವಾಗಿದ್ದು, ಅದೇ ಉರುವಲಾಗಬಲ್ಲದು. ಅಲ್ಲಿ ಮರದ ಬುಡದಲ್ಲಿ ಹೂಡಿದ ಬೆಂಕಿಯು ಒಣಬೇರಿನೊಳಗೆ ಹೊಕ್ಕು, ನೆಲದಡಿಯಲ್ಲಿಯೇ ಹೊಗೆಯಾಡುತ್ತ ಸಾಗಿ, ಎಷ್ಟೋ ಹೊತ್ತಿನ ಮೇಲೆ ಬೇರೊಂದೆಡೆ ಮೇಲೇಳುವುದುಂಟು. ಮೇಲೆ ಚಾಚಿದ ಕೊಂಬೆ, ಟೊಳ್ಳು ದಿಮ್ಮಿ, ಬಿದಿರಿನ ಹಿಂಡಿಲು ಹತ್ತಿರವಿರಕೂಡದು. ಒಣಗಿದ ಆನೆಲದ್ದಿಯನ್ನೂ ದೂರ ಎತ್ತಿಡಬೇಕು. ಅದು ನಾರಿನ ಉಂಡೆಯಾದುದರಿಂದ ಒಮ್ಮೆ ಕಿಡಿ ತಗುಲಿದರೆ ಬಹಳ ಹೊತ್ತು ಹೊಗೆಯಾಡುತ್ತಿರುತ್ತದೆ. ಇಳಿಜಾರಿನಲ್ಲಿ ಬೆಂಕಿ ಹಾಕಲೇಬಾರದು. ಉರುಳಿದ ಕೊಳ್ಳಿ ಕೆಳಕ್ಕೆ ಹೋಗುತ್ತದೆ, ಹೊತ್ತಿದ ಉರಿ ಮೇಲಕ್ಕೆ ಓಡುತ್ತದೆ.

ಒಲೆಗೆ ಮೂರು ಗುಂಡುಗಳು ಸಾಕು. ಅವನ್ನು ಹೊಳೆಯ ನೀರಿನಿಂದ ತರಬಾರದು: ಬಿರುಕುಗಳಲ್ಲಿ ಸೇರಿದ ನೀರು ಹಬೆಯಾಗಿ ಹಿಗ್ಗಿ ಕಲ್ಲನ್ನು ಸಿಡಿಸುತ್ತದೆ. ಬಂಡೆಯ ಆಸರೆಯಲ್ಲಿ ಬೆಂಕಿ ಹೂಡುವುದೂ ಸಲ್ಲದು. ಶಾಖಕ್ಕೆ ಗ್ರಾನೈಟಿನ ಚಕ್ಕೆ ಏಳುತ್ತದೆ, ಹೊಗೆಯು ಕಲ್ಲಿನ ಮೇಲಣ ಪ್ರಾಚೀನ ಚಿತ್ರಗಳನ್ನು ಮಸಿಯಾಗಿಸುತ್ತದೆ.

ಸೌದೆಯ ವಿಷಯದಲ್ಲಿ ನಮ್ಮದು ಒಂದೇ ನಿಯಮ: ಕೈಯಿಂದ ಮುರಿಯಲಾಗದ ಕಟ್ಟಿಗೆ ಬೇಡ. ಮಣಿಕಟ್ಟಿಗಿಂತ ದಪ್ಪವಾದ ದಿಮ್ಮಿಯು ರಾತ್ರಿಯೆಲ್ಲ ಉರಿದರೂ ಬೆಳಿಗ್ಗೆ ಅದರ ಒಡಲಲ್ಲಿ ಕೆಂಡ ಉಳಿದೇ ಇರುತ್ತದೆ. ಸಣ್ಣ ಕಟ್ಟಿಗೆ ಬೂದಿಯಾಗಿ ಮುಗಿಯುತ್ತದೆ. ಹಸಿಮರ ಕಡಿಯುವುದು ಅಪರಾಧವಷ್ಟೇ ಅಲ್ಲ, ನಿಷ್ಪ್ರಯೋಜಕವೂ ಹೌದು. ಅದರ ತೂಕದಲ್ಲಿ ಅರ್ಧದವರೆಗೂ ನೀರೇ ಇರಬಹುದು. ಆ ನೀರನ್ನು ಓಡಿಸುವುದರಲ್ಲಿಯೇ ಶಾಖ ಕಳೆದು, ಉಳಿಯುವುದು ಹೊಗೆ. ಬಿದಿರನ್ನು ಸೀಳಿ ಉರಿಸಬೇಕು. ಇಡಿಯಾಗಿ ಹಾಕಿದರೆ ಗೆಣ್ಣುಗಳ ನಡುವೆ ಸಿಕ್ಕಿದ ಗಾಳಿ ಹಿಗ್ಗಿ, ಕೋವಿ ಹೊಡೆದಂತೆ ಸಿಡಿದು, ಕಿಡಿಗಳನ್ನು ಎರಚುತ್ತದೆ. ಕಣಗಿಲೆ, ಕಳ್ಳಿ, ಕಾಡುಗೇರಿನ ಜಾತಿಯ ಮರಗಳು ಒಲೆಗೆ ಸಲ್ಲವು. ಕಣಗಿಲೆ ವಿಷ; ಉಳಿದವುಗಳ ಹಾಲು, ಸೊನೆ ಮೈಗೆ ತಾಗಿದರೂ ಹೊಗೆ ಕಣ್ಣಿಗೆ ತಾಗಿದರೂ ಬಾಧೆ. ಗುರುತು ತಿಳಿಯದ ಕಟ್ಟಿಗೆಯನ್ನು ಬಿಡುವುದೇ ಕ್ಷೇಮ. ಸೀಮೆಎಣ್ಣೆಯನ್ನು ಕೆಂಡದ ಮೇಲೆ ಸುರಿಯುವವನು ತನ್ನ ಮುಖವನ್ನು ಪಣಕ್ಕೊಡ್ಡುತ್ತಾನೆ: ಎಣ್ಣೆ ಮೊದಲು ಆವಿಯಾಗಿ ಹರಡುತ್ತದೆ, ಬಳಿಕ ಆವಿಯೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆ.

ಉರಿಯ ಎತ್ತರ ಮೊಣಕಾಲನ್ನು ಮೀರದಿರಲಿ. ಗಾಳಿ ಬಲವಾದರೆ ಅನ್ನ ಅರೆಬೆಂದಿದ್ದರೂ ಬೆಂಕಿಯನ್ನು ಆರಿಸಿಬಿಡಬೇಕು. ಎಚ್ಚರವಾಗಿರುವ ಒಬ್ಬನಾದರೂ ಬಳಿಯಲ್ಲಿರಬೇಕು. ಎಲ್ಲರೂ ಕಾಯುತ್ತಿದ್ದಾರೆಂದರೆ ಯಾರೂ ಕಾಯುತ್ತಿಲ್ಲವೆಂದೇ ಅರ್ಥ, ಆದ್ದರಿಂದ ಹೆಸರು ಹೇಳಿ ನೇಮಿಸುವುದು ಒಳ್ಳೆಯದು. ಮಲೆನಾಡಿನ ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಡೇರೆಯೊಳಕ್ಕೆ ಒಯ್ಯುವ ಅಭ್ಯಾಸವಂತೂ ಮಾರಕ. ಕೆಂಡವು ಹೊರಸೂಸುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಡೇರೆಯಲ್ಲಿ ನಿದ್ರಿಸಿದವನನ್ನು ಅದು ಏಳಗೊಡುವುದಿಲ್ಲ.

ಈಗ ಆರಿಸುವ ಕ್ರಮ. ಇದಕ್ಕೆ ನೀರೇ ಬೇಕು, ಏಕೆಂದರೆ ಶಾಖವನ್ನು ಹೀರುವುದರಲ್ಲಿ ಅದಕ್ಕೆ ಸಮನಾದುದು ಶಿಬಿರದಲ್ಲಿ ಮತ್ತೊಂದಿಲ್ಲ. ಒಂದು ಲೀಟರು ನೀರು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೇರಲು 75 ಕಿಲೋಕ್ಯಾಲರಿ ಶಾಖವನ್ನೂ, ಅಲ್ಲಿಂದ ಹಬೆಯಾಗಲು ಸುಮಾರು 540 ಕಿಲೋಕ್ಯಾಲರಿಯನ್ನೂ ತೆಗೆದುಕೊಳ್ಳುತ್ತದೆ. ಒಂದು ಕಿಲೋಗ್ರಾಂ ಕೆಂಪು ಕೆಂಡದ ಮೈಯಲ್ಲಿರುವ ಶಾಖವು ಈ ಮೊತ್ತದ ಅರ್ಧಕ್ಕಿಂತಲೂ ಕಡಿಮೆ. ಲೆಕ್ಕದಂತೆ ಒಂದು ತಂಬಿಗೆ ನೀರು ಸಾಲಬೇಕು. ವಾಸ್ತವದಲ್ಲಿ ಎರಡು ಬಕೆಟ್ಟು ಬೇಕಾಗುತ್ತದೆ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಸುರಿದ ನೀರಿನ ಬಹುಭಾಗ ಬೂದಿಯ ಮೇಲೆ ಜಾರಿ ಹರಿದುಹೋಗುತ್ತದೆ. ಕೆಂಡದ ಒಂದು ಮಗ್ಗುಲು ನೆನೆದು ಇನ್ನೊಂದು ಮಗ್ಗುಲು ಒಣಗಿಯೇ ಉಳಿಯುತ್ತದೆ. ಕೆಳಗಿನ ನೆಲ ತಾನು ಕುಡಿದ ಶಾಖವನ್ನು ಮರಳಿ ಕೊಡುತ್ತದೆ. ಆದುದರಿಂದ ನೀರಿನ ಪ್ರಮಾಣಕ್ಕಿಂತ ಕಲಕುವುದು ಮುಖ್ಯ. ಹೊರಡುವ ಒಂದು ಗಂಟೆಗೆ ಮುಂಚೆಯೇ ಸೌದೆ ಹಾಕುವುದನ್ನು ನಿಲ್ಲಿಸಿ, ಕೊಳ್ಳಿಗಳ ತುದಿಯನ್ನು ನಡುವಿಗೆ ತಳ್ಳಿ ಪೂರ್ತಿ ಉರಿಯಗೊಡಬೇಕು. ಬಳಿಕ ಗಾಳಿ ಬೀಸುವ ಕಡೆಗೆ ನಿಂತು ನೀರನ್ನು ಚಿಮುಕಿಸುತ್ತ ಬರಬೇಕು. ಒಮ್ಮೆಗೇ ಹೊಯ್ದರೆ ಬಿಸಿ ಹಬೆ ಮುಖಕ್ಕೇಳುತ್ತದೆ. ಕೋಲಿನಿಂದ ಕೆದಕಿ, ಕೊಳ್ಳಿಗಳನ್ನು ಮಗುಚಿ, ಕಲ್ಲುಗಳನ್ನು ಉರುಳಿಸಿ ಅವುಗಳ ಅಡಿಗೂ ನೀರು ಹಾಕಿ, ಎಲ್ಲವೂ ಕೆಸರಾಗುವವರೆಗೆ ಕಲಕಬೇಕು. ಚುಂಯ್‌ಗುಡುವ ಸದ್ದು ಇರುವವರೆಗೆ ಬೆಂಕಿಯಿದೆಯೆಂದೇ ತಿಳಿಯತಕ್ಕದ್ದು. ನೀರು ಇಲ್ಲವೇ ಇಲ್ಲವೆಂಬ ಕಡೆ ತಣ್ಣನೆಯ ಹಸಿಮಣ್ಣನ್ನು ಮುಚ್ಚದೆ ಬೆರೆಸಿ ಬೆರೆಸಿ ಆರಿಸಬಹುದು. ಆದರೆ ನೀರಿಲ್ಲದ ಕಡೆ ಬೆಂಕಿಯನ್ನೇ ಹೂಡದಿರುವುದು ಹೆಚ್ಚಿನ ವಿವೇಕ.

ಕಣ್ಣನ್ನು ನಂಬದೆ ಕೈಯನ್ನು ನಂಬಬೇಕು. ಅಂಗೈಯ ಹಿಂಬದಿಯನ್ನು ಮೊದಲು ಬೂದಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಬಿಸಿ ತಾಗದಿದ್ದರೆ ಇನ್ನೂ ತಗ್ಗಿಸಿ, ಕೊನೆಗೆ ಬೆರಳುಗಳನ್ನು ಒಳಕ್ಕಿಟ್ಟು ನೋಡಬೇಕು. ಉಗುರುಬೆಚ್ಚಗಿದ್ದರೂ ಮತ್ತೊಂದು ಬಕೆಟ್ಟು ನೀರು.

ಆರಿದ ಇದ್ದಿಲನ್ನು ಏನು ಮಾಡಬೇಕೆಂಬುದು ಪ್ರಾಚ್ಯ ನೆಲೆಗಳ ಬಳಿ ಶಿಬಿರ ಹೂಡುವ ತಂಡಗಳಿಗೆ ಸಂಬಂಧಿಸಿದ ಬೇರೊಂದು ಮಾತು. ಬಳ್ಳಾರಿ ಜಿಲ್ಲೆಯ ಕುಡತಿನಿ, ಕುಪ್ಪಗಲ್ಲುಗಳ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಬೆಂಕಿಯಿಟ್ಟುದರ ಅವಶೇಷಗಳು. ನಾಲ್ಕು ಸಾವಿರ ವರ್ಷಗಳ ಮೇಲೆಯೂ ಅವು ನಿಂತಿವೆ. ಇದ್ದಿಲಂತೂ ಮಣ್ಣಿನಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಇಂಗಾಲದ ಕಾಲಗಣನೆಗೆ ಮಾದರಿ ತೆಗೆಯುವ ನೆಲೆಯಲ್ಲಿ ನಿನ್ನೆಯ ಕಾಫಿಯ ಇದ್ದಿಲು ಸೇರಿದರೆ ಮುಂದಿನ ಸಂಶೋಧಕನಿಗೆ ಅದೊಂದು ಒಗಟಾದೀತು. ಅಂತಹ ಕಡೆ ತಣ್ಣಗಾದ ಇದ್ದಿಲನ್ನು ಗೋಣಿಯಲ್ಲಿ ತುಂಬಿಕೊಂಡು ಬರಬೇಕು. ಉಳಿದ ಕಡೆ ಅದನ್ನು ಪುಡಿಮಾಡಿ ದೂರದೂರಕ್ಕೆ ಚೆಲ್ಲಿ, ಗುಂಡುಗಳನ್ನು ಮಸಿ ಕೆಳಗಾಗುವಂತೆ ತಂದಲ್ಲಿಗೇ ಹಿಂದಿರುಗಿಸಿ, ಗಂಟುಮೂಟೆ ಕಟ್ಟುವ ಕೆಲಸವೆಲ್ಲ ಮುಗಿದ ಮೇಲೆ ಒಲೆಯಿದ್ದ ನೆಲದ ಮೇಲೆ ಎರಡನೆಯ ಬಾರಿ ಕೈಯಿಟ್ಟು ನೋಡಿ ಹೊರಡಬಹುದು.