ಓವರಾಯಿಲಿಂಗು

ಬೈಸಿಕಲ್ಲನ್ನು ಪೂರ್ತಿಯಾಗಿ ಬಿಚ್ಚಿ, ತೊಳೆದು, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸುವ ಕೆಲಸಕ್ಕೆ ನಮ್ಮ ಕಡೆ ‘ಓವರಾಯಿಲಿಂಗು’ ಎಂದು ಹೆಸರು. ನಮ್ಮ ಕಡೆ ಎಂದರೆ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿ. ಆದರೆ ಈ ಮಾತು ಲಕ್ಕೂರಿನ ಸ್ವಂತ ಸ್ವತ್ತೇನೂ ಅಲ್ಲ. ಇಂಗ್ಲಿಷಿನ ‘ಓವರ್‌ಹಾಲ್’ ಎಂಬ ಶಬ್ದವು ಕಿವಿಯಿಂದ ಕಿವಿಗೆ ದಾಟುತ್ತ ಬರುವಾಗ ದಾರಿಯಲ್ಲಿ ಎಲ್ಲಿಯೋ ಎಣ್ಣೆಯನ್ನು ಮೆತ್ತಿಕೊಂಡಿತು. ಶಬ್ದಗಳ ಸಂಸಾರವನ್ನು ಬಲ್ಲವರಿಗೆ ಇದರಿಂದ ಸಂತೋಷವಾಗಬಹುದು. ಬೈಸಿಕಲ್ಲುಗಳಿಗೆ ಮಾತ್ರ ಅನರ್ಥವೇ ಆಗಿದೆ. ಹೆಸರಿನಲ್ಲಿಯೇ ಎಣ್ಣೆ ಇರುವುದರಿಂದ, ಎಣ್ಣೆ ಸುರಿದರೆ ಕೆಲಸ ಮುಗಿಯಿತೆಂದು ನಂಬಿದವರನ್ನು ನಾನು ಐವತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ನಾನೂ ಹಾಗೆ ನಂಬಿದ್ದವನೇ.

ನಮ್ಮ ತಂದೆಯವರು 1961ರಲ್ಲಿ ಒಂದು ಹರ್ಕ್ಯುಲಿಸ್ ಬೈಸಿಕಲ್ಲನ್ನು ಕೊಂಡರು. 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್ ಕಂಪನಿಯವರು ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ತಯಾರಿಸುತ್ತಿದ್ದ ಮಾಲು ಅದು. ಇಪ್ಪತ್ತೆಂಟು ಅಂಗುಲದ ಚಕ್ರ, ಕಪ್ಪು ಬಣ್ಣ, ಕಂಬಿಯ ಬ್ರೇಕು. ಈಗಲೂ ಅದು ನನ್ನ ಮನೆಯ ಪಡಸಾಲೆಯಲ್ಲಿ ನಿಂತಿದೆ. ನಿಂತಿದೆ ಎಂದರೆ ಸರಿಯಾಗದು, ಓಡುತ್ತಿದೆ. ಆಯುಧಪೂಜೆಯ ಹಿಂದಿನ ದಿನ ತಂದೆಯವರು ಅಂಗಳದಲ್ಲಿ ಹಳೆಯ ಪಂಚೆಯೊಂದನ್ನು ಹಾಸಿ, ಪಕ್ಕದಲ್ಲಿ ಸೀಮೆಎಣ್ಣೆಯ ಬಟ್ಟಲು, ಒಂದು ಪಿಂಗಾಣಿ ತಟ್ಟೆ, ಎರಡು ಸ್ಪ್ಯಾನರು ಇಟ್ಟುಕೊಂಡು ಕುಳಿತರೆ ಏಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೇ. ಮರುದಿನ ಅರಿಶಿನ, ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ಪೂಜೆಗಿಂತ ಹಿಂದಿನ ದಿನದ ಮಡಿಯೇ ಹೆಚ್ಚಿನದೆಂದು ನನಗೆ ಆಗಲೇ ಅನ್ನಿಸುತ್ತಿತ್ತು. “ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡು, ಮಗು. ಜೋಡಿಸುವಾಗ ಸಾಲಿನ ಆ ತುದಿಯಿಂದ ಬಾ” ಎನ್ನುತ್ತಿದ್ದರು. ಯಂತ್ರಶಾಸ್ತ್ರದಲ್ಲಿ ನನಗೆ ದೊರೆತ ಉಪದೇಶ ಅಷ್ಟೇ.

ಮೊದಲು ಎಣ್ಣೆಯ ಮಾತನ್ನೇ ಮುಗಿಸಿಬಿಡೋಣ. ನಮ್ಮದು ಕೆಂಪು ಮಣ್ಣಿನ ಸೀಮೆ. ಮಾಲೂರಿನ ಹೆಂಚು ಇಟ್ಟಿಗೆಗಳನ್ನು ನಾಡಿಗೆಲ್ಲ ಕಳುಹಿಸಿದ ನೆಲ. ಬೇಸಿಗೆಯಲ್ಲಿ ಆ ಮಣ್ಣು ಹಿಟ್ಟಿನಂತೆ ನುಣುಪಾಗಿ ಎದ್ದು ಎಣ್ಣೆ ಕಂಡಲ್ಲಿ ಕೂರುತ್ತದೆ. ಎಣ್ಣೆಯೂ ಧೂಳೂ ಕೂಡಿದರೆ ಆಗುವುದು ಸಾಣೆಯ ಪದಾರ್ಥ. ಚೈನಿನ ಮೇಲೆ ಧಾರಾಳವಾಗಿ ಎಣ್ಣೆ ಸುರಿದವನು ದಿನವೂ ತನ್ನ ಚೈನನ್ನು ತಾನೇ ಅರೆಯುತ್ತಿರುತ್ತಾನೆ. ಮಾಡಬೇಕಾದುದು ಇಷ್ಟು: ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಪ್ರತಿಯೊಂದು ಉರುಳೆಗೂ ಒಂದೊಂದೇ ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಅನಂತರ ಒಣ ಬಟ್ಟೆಯಿಂದ ಮೇಲಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ಎಣ್ಣೆ ಇರಬೇಕಾದುದು ಉರುಳೆಯ ಒಳಗೆ. ಹೊರಗೆ ಕಾಣುವುದೆಲ್ಲ ಧೂಳಿಗೆ ಕೊಟ್ಟ ಆಮಂತ್ರಣ.

ಮಕ್ಕಳು ಕೊಬ್ಬರಿ ಎಣ್ಣೆ ಹಾಕುವುದುಂಟು. ಮನೆಯಲ್ಲಿ ಕೈಗೆ ಸಿಗುವುದು ಅದೇ ತಾನೆ. ಕೊಬ್ಬರಿ ಎಣ್ಣೆ ಸುಮಾರು ಇಪ್ಪತ್ತನಾಲ್ಕು ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಕೋಲಾರ ಸೀಮೆಯ ಮಾರ್ಗಶಿರದ ಮುಂಜಾವಿನಲ್ಲಿ ಅದು ಸೀಸೆಯಲ್ಲಿ ಹೇಗೆ ಹೆಪ್ಪುಗಟ್ಟಿರುತ್ತದೆಂಬುದನ್ನು ಎಲ್ಲರೂ ಕಂಡಿದ್ದೇವೆ. ಹಬ್ಬಿನೊಳಗೂ ಫ್ರೀವೀಲಿನೊಳಗೂ ಆಗುವುದು ಅದೇ. ಫ್ರೀವೀಲಿನೊಳಗೆ ಪುಟ್ಟ ಹಲ್ಲುಗಳು ಸ್ಪ್ರಿಂಗಿನ ಬಲದಿಂದ ಎದ್ದು ನಿಂತು ಕಚ್ಚಿಕೊಳ್ಳುತ್ತವೆ. ನಾವು ಪೆಡಲು ನಿಲ್ಲಿಸಿದಾಗ ಕಟಕಟ ಸದ್ದು ಮಾಡುವವು ಅವೇ. ಜಿಡ್ಡು ಹೆಪ್ಪುಗಟ್ಟಿದರೆ ಆ ಹಲ್ಲುಗಳು ಮಲಗಿಬಿಡುತ್ತವೆ. ಪೆಡಲು ಬರಿದೆ ಸುತ್ತುತ್ತದೆ, ಚಕ್ರ ಕದಲುವುದಿಲ್ಲ. ಆದಕಾರಣ ಫ್ರೀವೀಲಿಗೆ ಗ್ರೀಸು ತುಂಬಬಾರದು. ಹೊಲಿಗೆಯಂತ್ರದ ತೆಳುವಾದ ಎಣ್ಣೆ ನಾಲ್ಕು ಹನಿ ಸಾಕು. ಹಬ್ಬಿನ ಗುಂಡುಗಳಿಗೆ ಗ್ರೀಸೇ ಬೇಕು. ಬ್ರೇಕಿನ ರಬ್ಬರಿಗೂ ರಿಮ್ಮಿಗೂ ಯಾವ ಎಣ್ಣೆಯೂ ಸೋಕಬಾರದು.

ಹಬ್ಬಿನ ಮಾತು ಬಂದಿತು. ಬೈಸಿಕಲ್ಲಿನ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದೇ, ವಾಚಕರು ಸ್ವಲ್ಪ ಸಹಿಸಿಕೊಳ್ಳಬೇಕು. ನಮ್ಮ ದೊಡ್ಡ ಬೈಸಿಕಲ್ಲುಗಳ ಹಿಂದಿನ ಹಬ್ಬಿನಲ್ಲಿ ಕಾಲಂಗುಲದ ಗುಂಡುಗಳು ಒಂದೊಂದು ಮಗ್ಗುಲಿಗೆ ಒಂಬತ್ತರಂತೆ ಹದಿನೆಂಟು. ಮುಂದಿನದರಲ್ಲಿ ಅದಕ್ಕಿಂತ ಚಿಕ್ಕವು, ಹತ್ತರಂತೆ ಇಪ್ಪತ್ತು. ಒಂದು ಗುಂಡು ಸವೆದರೆ ಆ ಮಗ್ಗುಲಿನವನ್ನೆಲ್ಲ ಬದಲಿಸಬೇಕು. ಹಳೆಯವರ ನಡುವೆ ಹೊಸಬನೊಬ್ಬನನ್ನು ಸೇರಿಸಿದರೆ ಭಾರವೆಲ್ಲ ಅವನ ಮೇಲೆಯೇ ಬೀಳುತ್ತದೆ. ಇದು ಕಚೇರಿಗಳಲ್ಲಿಯೂ ಹೀಗೆಯೇ ಎಂದು ಸ್ನೇಹಿತರೊಬ್ಬರು ಹೇಳಿದರು. ನಾನು ಉಪಾಧ್ಯಾಯ, ನನಗೆ ತಿಳಿಯದು. ಗ್ರೀಸಿನಲ್ಲಿ ಗುಂಡುಗಳನ್ನು ಕೂರಿಸಿ ಕೋನನ್ನು ತಿರುಗಿಸುವಾಗ ಕೈಗೆ ಒಂದು ಹದ ಗೊತ್ತಾಗಬೇಕು. ಸಡಿಲವಾದರೆ ಚಕ್ರ ಅಡ್ಡಕ್ಕೆ ಅಲುಗಾಡುತ್ತದೆ, ಬಿಗಿಯಾದರೆ ಗುಂಡು ಕೋನನ್ನು ಕೊರೆಯುತ್ತದೆ. ಹದವಾಯಿತೇ ಇಲ್ಲವೇ ಎಂಬುದಕ್ಕೆ ತಂದೆಯವರ ಪರೀಕ್ಷೆ ಒಂದಿತ್ತು. ಚಕ್ರವನ್ನು ನೆಲದಿಂದ ಎತ್ತಿ, ಗಾಳಿ ತುಂಬುವ ವಾಲ್ವು ಒಂದು ಪಕ್ಕಕ್ಕೆ ಬರುವಂತೆ ಹಿಡಿದು ಮೆಲ್ಲನೆ ಬಿಡುವರು. ವಾಲ್ವಿನ ತೂಕವೆಷ್ಟು ಮಹಾ! ಆ ಅಲ್ಪ ತೂಕಕ್ಕೇ ಚಕ್ರ ತಾನಾಗಿ ಉರುಳಿ, ವಾಲ್ವು ಕೆಳಗೆ ಬಂದು, ತೊಟ್ಟಿಲಿನಂತೆ ಅತ್ತಿತ್ತ ತೂಗಿ ನಿಲ್ಲಬೇಕು. ನಿಂತಿತೋ, ಹಬ್ಬು ಸರಿ.

ಹದಿನಾಲ್ಕನೆಯ ವಯಸ್ಸಿನಲ್ಲಿ, ತಂದೆಯವರು ಊರಿನಲ್ಲಿಲ್ಲದ ದಿನ, ನಾನೊಬ್ಬನೇ ಈ ಕೆಲಸಕ್ಕೆ ಕೈಹಾಕಿದೆ. ಬಲಗಡೆಯ ಪೆಡಲು ಸುಲಭವಾಗಿ ಬಿಚ್ಚಿತು. ಎಡಗಡೆಯದು ಜಪ್ಪಯ್ಯ ಎನ್ನಲಿಲ್ಲ. ಸ್ಪ್ಯಾನರಿಗೆ ಕಬ್ಬಿಣದ ಕೊಳವೆಯೊಂದನ್ನು ಸಿಕ್ಕಿಸಿ ಮೈಭಾರವನ್ನೆಲ್ಲ ಬಿಟ್ಟೆ, ಮರೆಯೇ ಕಿತ್ತುಹೋಯಿತು. ಎಡಪೆಡಲಿನ ಮರೆ ಎಲ್ಲ ಮರೆಗಳಿಗೆ ವಿರುದ್ಧ, ತುಳಿತದಿಂದ ಸಡಿಲವಾಗದಿರಲಿ ಎಂದು ಹಾಗೆ ಮಾಡಿರುತ್ತಾರೆ ಎಂಬುದು ನನಗೆ ತಿಳಿದುದು ತರುವಾಯ. ನೆನಪಿಗೆ ಸುಲಭದ ಸೂತ್ರ: ಸ್ಪ್ಯಾನರನ್ನು ಮೇಲಕ್ಕೆ ನಿಲ್ಲಿಸಿ ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡು ಪೆಡಲುಗಳೂ ಬಿಗಿಯುತ್ತವೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಚ್ಚುತ್ತವೆ. ತಂದೆಯವರು ಬೈಯಲಿಲ್ಲ. ಹೊಸ ಕ್ರ್ಯಾಂಕು ಬರುವವರೆಗೆ ಹನ್ನೊಂದು ದಿನ ನಡೆದುಕೊಂಡೇ ಹೋಗಿ ಬಂದರು.

ನಡೆದುಕೊಂಡು ಹೋಗುವುದು ಎಂದಾಗ ನನಗೆ ಇನ್ನೊಂದು ನೆನಪು ಬರುತ್ತದೆ. ನಿಜವಾಗಿ ಹೇಳುವುದಾದರೆ ಈ ಲೇಖನಕ್ಕೆ ಅದೇ ಕಾರಣ.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ಉಪಾಧ್ಯಾಯನಾಗಿ ಕಂಡುದನ್ನು ಹೇಳುತ್ತೇನೆ: ನನ್ನ ಕಾಲದಲ್ಲಿ ಬಂದ ಯೋಜನೆಗಳಲ್ಲಿ ಇಷ್ಟು ಬೇಗ ಕಣ್ಣಿಗೆ ಕಂಡ ಫಲ ಕೊಟ್ಟುದು ಬೇರೊಂದಿಲ್ಲ. ಏಳನೆಯ ತರಗತಿಗೆ ಓದು ಮುಗಿಯಿತೆಂದು ಮನೆಯಲ್ಲಿ ನಿಲ್ಲುತ್ತಿದ್ದ ಹೆಣ್ಣುಮಕ್ಕಳು ನೀಲಗಿರಿ ತೋಪುಗಳ ನಡುವಿನ ರಸ್ತೆಯಲ್ಲಿ ಸಾಲಾಗಿ ಬರುವುದನ್ನು ಕಂಡೆ. 2020ರ ನಂತರ ಆ ವಿತರಣೆ ನಿಂತುಹೋಯಿತು. ಅದು ಬೇರೆಯ ಚರ್ಚೆ. ನನ್ನನ್ನು ಕಾಡಿದುದು ಮತ್ತೊಂದು. ನಾನು ಕೆಲಸ ಮಾಡಿದ ಪ್ರೌಢಶಾಲೆಯೊಂದರ ಹಿತ್ತಲಿನಲ್ಲಿ ಎರಡನೆಯ ವರ್ಷಕ್ಕೇ ನಿಂತುಹೋದ ಬೈಸಿಕಲ್ಲುಗಳು ಗೋಡೆಗೆ ಒರಗಿಕೊಳ್ಳತೊಡಗಿದವು. ಅವುಗಳಲ್ಲಿ ಮುರಿದುವು ಕಡಿಮೆ.

2009ರ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಎರಡನೆಯ ಪೀರಿಯಡ್ಡಿಗೆ ಬಂದಳು, ಕಾಲೆಲ್ಲ ಕೆಸರು.

“ಯಾಕಮ್ಮ, ಸೈಕಲ್ಲು ಏನಾಯಿತು?” ಎಂದೆ.

“ದಿನಾ ಪಂಚರ್ ಆಗ್ತದೆ ಸಾರ್. ಇನ್ನು ಮೇಲೆ ಶಾಲೆ ಬಿಡು ಅಂದವ್ರೆ ಮನೇಲಿ.”

ಸಂಜೆ ಅವಳ ಚಿಕ್ಕಪ್ಪನು ಬೈಸಿಕಲ್ಲನ್ನು ತಳ್ಳಿಕೊಂಡು ಬಂದನು. ಟ್ಯೂಬಿನಲ್ಲಿ ತೂತಿರಲಿಲ್ಲ. ವಾಲ್ವಿನ ಬಾಯಿಗೆ ಒಂದು ಹನಿ ನೀರು ಹಚ್ಚಿದೆ, ಗುಳ್ಳೆ ಎದ್ದಿತು. ವಾಲ್ವಿನೊಳಗೆ ಬೆರಳುದ್ದವೂ ಇಲ್ಲದ ಒಂದು ರಬ್ಬರ್ ಕೊಳವೆ ಇರುತ್ತದೆ. ಪಂಪಿನ ಗಾಳಿ ಅದನ್ನು ಉಬ್ಬಿಸಿ ಒಳಕ್ಕೆ ನುಗ್ಗುತ್ತದೆ; ಒಳಗಿನ ಗಾಳಿಯ ಒತ್ತಡ ಅದೇ ಕೊಳವೆಯನ್ನು ರಂಧ್ರಕ್ಕೆ ಅದುಮಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದಂದಿನಿಂದ ಇಂದಿನವರೆಗೆ ಟೈರಿನ ಕಥೆಯೆಲ್ಲ ಗಾಳಿಯನ್ನು ಒಳಗೆ ನಿಲ್ಲಿಸಿಕೊಳ್ಳುವ ಕಥೆಯೇ. ಅವಳ ಬೈಸಿಕಲ್ಲಿನಲ್ಲಿ ಆ ಕೊಳವೆ ಬಿಸಿಲಿಗೆ ಸೀಳಿತ್ತು. ನನ್ನ ಡಬ್ಬದಲ್ಲಿದ್ದ ಹೊಸ ಕೊಳವೆಯನ್ನು ನಾಲಗೆಯಲ್ಲಿ ಒದ್ದೆ ಮಾಡಿ ಸೇರಿಸಿದೆ. ಒಂದು ರೂಪಾಯಿಯ ಸಾಮಾನು, ಎರಡು ನಿಮಿಷದ ಕೆಲಸ. ಇಷ್ಟಕ್ಕೆ ಒಂದು ಮಗುವಿನ ಓದು ನಿಲ್ಲುವುದರಲ್ಲಿತ್ತು.

ತಪ್ಪು ಯಾರದೆಂದು ಹುಡುಕುತ್ತ ಹೋದರೆ ಅದರಲ್ಲಿ ನನ್ನ ಪಾಲೂ ಇದೆ. ವಿಜ್ಞಾನದ ಪಾಠದಲ್ಲಿ ವಾಯುವಿನ ಒತ್ತಡವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಸನ್ನೆಕೋಲನ್ನೂ ಘರ್ಷಣೆಯನ್ನೂ ಪ್ರಶ್ನೆಪತ್ರಿಕೆಗೆ ತಕ್ಕಂತೆ ಹೇಳಿಕೊಟ್ಟಿದ್ದೆ. ಅವೆಲ್ಲವೂ ಕಿಟಕಿಯ ಹೊರಗೆ ಎರಡು ಚಕ್ರಗಳ ಮೇಲೆ ನಿಂತಿದ್ದವು. ಹಿಂದೆ ಊರಿಗೊಂದು ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ಹುಡುಗರು ಅಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ನೋಡಿ ನೋಡಿಯೇ ಕಲಿಯುತ್ತಿದ್ದರು. ಮೋಟಾರು ಬೈಕು ಬಂದ ಮೇಲೆ ಆ ಅಂಗಡಿಗಳು ಅದರ ಹಿಂದೆ ಹೋದವು. ಹೆಣ್ಣುಮಕ್ಕಳಂತೂ ಅಲ್ಲಿ ಎಂದೂ ಕೂರುವಂತಿರಲಿಲ್ಲ.

ಆ ಶನಿವಾರದಿಂದ, ಬೆಳಗಿನ ತರಗತಿ ಮುಗಿದ ಮೇಲೆ, ಹಿತ್ತಲಿನಲ್ಲಿ ಹಳೆಯ ಪಂಚೆ ಹಾಸಿದೆವು. ಮೊದಲ ಪಾಠ ಪಂಚರು. ಜಾಲಿಮುಳ್ಳು ನಮ್ಮ ಕಡೆ ಧಾರಾಳ. ಪ್ಯಾಚು ಹಾಕುವುದು ಎಲ್ಲರಿಗೂ ಬರುತ್ತದೆ. ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ಮುರಿದ ಮುಳ್ಳನ್ನು ಹುಡುಕುವ ತಾಳ್ಮೆ ಬರುವುದಿಲ್ಲ. ಸಲ್ಯೂಷನ್ ಹಚ್ಚಿದ ಮೇಲೆ ಅದು ಆರುವವರೆಗೆ ಕಾಯುವ ತಾಳ್ಮೆಯೂ ಅಷ್ಟೇ. ಮಗ್ಗಿ ಹೇಳಿಸುತ್ತಿದ್ದೆ: ಹದಿನಾರರ ಮಗ್ಗಿ ಮುಗಿದ ಮೇಲೆ ಪ್ಯಾಚು. ಎರಡನೆಯದು ಕಡ್ಡಿಗಳು. ದೊಡ್ಡ ಬೈಸಿಕಲ್ಲಿನಲ್ಲಿ ಮುಂದೆ ಮೂವತ್ತೆರಡು, ಹಿಂದೆ ನಲವತ್ತು. ಬೆರಳಿನಿಂದ ಮೀಟಿದರೆ ಬಿಗಿಯಾದುದು ತಂಬೂರಿಯಂತೆ ನುಡಿಯುತ್ತದೆ, ಸಡಿಲವಾದುದು ಮೊಂಡಾಗಿ ಸದ್ದು ಮಾಡುತ್ತದೆ. ಚಕ್ರ ಬಲಕ್ಕೆ ಬಾಗಿದ್ದರೆ ಆ ಜಾಗದ ಎಡಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಬೇಕು, ಕಾಲೇ, ಅರ್ಧವಲ್ಲ. ಸಂಗೀತ ಬಲ್ಲ ಹುಡುಗನೊಬ್ಬನು ಈ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದನು.

ಬೈಸಿಕಲ್ಲನ್ನು ‘ಮೇಲ್ದರ್ಜೆಗೆ’ ಏರಿಸುವುದು ಎಂದರೆ ಹ್ಯಾಂಡಲಿಗೆ ಬಣ್ಣದ ಕುಚ್ಚು ಕಟ್ಟುವುದೆಂದು ಮಕ್ಕಳು ತಿಳಿದಿದ್ದರು. ಇಪ್ಪತ್ತೊಂದು ಗೇರು ಇರಬೇಕೆಂದು ದೊಡ್ಡವರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಹಣಕ್ಕೆ ತಕ್ಕ ಲಾಭ ಕೊಡುವ ಬದಲಾವಣೆ ಒಂದೇ: ಹಿಂದಿನ ಹಲ್ಲುಚಕ್ರ. ನನ್ನ ಹರ್ಕ್ಯುಲಿಸ್ಸಿನಲ್ಲಿ ಮುಂದೆ ನಲವತ್ತನಾಲ್ಕು ಹಲ್ಲು, ಹಿಂದೆ ಹದಿನೆಂಟು. ಪೆಡಲು ಒಂದು ಸುತ್ತು ಬಂದರೆ ಗಾಡಿ ಸುಮಾರು ಐದೂವರೆ ಮೀಟರು ಹೋಗುತ್ತದೆ. ಹಿಂದೆ ಇಪ್ಪತ್ತೆರಡು ಹಲ್ಲಿನ ಫ್ರೀವೀಲು ಹಾಕಿದರೆ ಸುಮಾರು ನಾಲ್ಕೂವರೆ. ಸಮನೆಲದಲ್ಲಿ ನಿಧಾನವಾಯಿತು, ನಿಜ. ಆದರೆ ಹಾಲಿನ ಕ್ಯಾನು ಹೇರಿಕೊಂಡು ಕೆರೆಯ ಏರಿಯನ್ನು ಹತ್ತುವವನಿಗೆ ಬೇಕಾದುದು ಆ ಒಂದು ಮೀಟರಿನ ರಿಯಾಯಿತಿಯೇ. ಚೈನಿಗೆ ಒಂದಂಗುಲ ಸೇರಿಸಬೇಕಾಗುತ್ತದೆ. ಚೈನು ಹಳತಾಗಿದ್ದರೆ ಸೇರಿಸಿ ಪ್ರಯೋಜನವಿಲ್ಲ: ಇಪ್ಪತ್ತನಾಲ್ಕು ಕೊಂಡಿಗಳನ್ನು ಸ್ಕೇಲಿನಿಂದ ಅಳೆಯಿರಿ, ಸರಿಯಾಗಿ ಹನ್ನೆರಡು ಅಂಗುಲ ಬರಬೇಕು. ಅರೆಕಾಲು ಅಂಗುಲ ಹೆಚ್ಚಿದರೆ ಚೈನು ಸವೆದಿದೆ. ಅದು ಹೊಸ ಹಲ್ಲನ್ನೂ ತಿಂದುಹಾಕುತ್ತದೆ. ತುಳಿದಷ್ಟೂ ಫ್ರೀವೀಲು ಹಬ್ಬಿಗೆ ಬಿಗಿದುಕೊಂಡಿರುವುದರಿಂದ ಅದನ್ನು ಕಳಚುವುದಕ್ಕೆ ಮಾತ್ರ ವಿಶೇಷ ಸಾಧನ ಬೇಕು. ನಾನು ಮಾಲೂರಿನಿಂದ ಎರವಲು ತರುತ್ತಿದ್ದೆ, ಅನಂತರ ನಾಚಿಕೆಯಾಗಿ ಕೊಂಡೆ.

ಆ ಹುಡುಗಿ ಹತ್ತನೆಯ ತರಗತಿಗೆ ಬಂದಾಗ, “ತಮ್ಮನ್ನ ಹಿಂದೆ ಕೂರಿಸ್ಕೊಂಡು ಏರಿ ಹತ್ತಕ್ಕಾಗಲ್ಲ ಸಾರ್” ಎಂದಳು. ನನ್ನಲ್ಲಿದ್ದ ಒಂದು ದೊಡ್ಡ ಫ್ರೀವೀಲನ್ನು ಕೊಟ್ಟೆ. ಸಾಧನವನ್ನು ಹಿಡಿದುದೂ ಚೈನು ಅಳೆದುದೂ ಅವಳೇ. ಗ್ರೀಸು ಮೆತ್ತಿದ ಹಾಳೆಯ ಮೇಲೆ ಹಲ್ಲುಗಳ ಭಾಗಾಕಾರವನ್ನು ಬರೆದು ನನಗೆ ತೋರಿಸಿದಳು. ದಶಮಾಂಶ ಒಂದು ಕಡೆ ತಪ್ಪಿತ್ತು. ಫ್ರೀವೀಲು ಸರಿಯಾಗಿ ಕುಳಿತಿತ್ತು.

ಹಳೆಯ ಬೈಸಿಕಲ್ಲುಗಳ ಒಂದು ದೊಡ್ಡ ಗುಣ, ಒಬ್ಬರ ಕೋನು ಇನ್ನೊಬ್ಬರ ಹಬ್ಬಿಗೆ ಸಾಮಾನ್ಯವಾಗಿ ಹೊಂದುತ್ತದೆ. 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕೊನೆಯ ಕಾರ್ಖಾನೆಯನ್ನು ಮುಚ್ಚಿತು. ಆದರೂ ನಮ್ಮ ಹೋಬಳಿಯ ಅಟ್ಲಾಸುಗಳು ಬೇರೆಯವರ ಗುಂಡುಗಳ ಮೇಲೆ ಉರುಳುತ್ತಲೇ ಇವೆ. ನನ್ನ ಗಾಡಿಯ ಮುಂದಿನ ಚಕ್ರ ಈಚೆಗೆ ವಾಲ್ವಿನ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿಲ್ಲ. ಅರ್ಧಕ್ಕೆ ನಿಂತು ಯೋಚಿಸುತ್ತದೆ. ಆಯುಧಪೂಜೆಗೆ ಇನ್ನು ಮೂರು ವಾರ. ಇಪ್ಪತ್ತು ಗುಂಡು, ಎರಡು ಕೋನು. ಮಾಲೂರಿನಲ್ಲಿ ದೊರೆಯದಿದ್ದರೆ ಬೆಂಗಳೂರಿನಿಂದ ತರಿಸಬೇಕು.